ಇಳಿಸಿಡಲು ಬರುವ ಸಾಹಸ

ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ಉಜ್ಜುವಷ್ಟು ಹತ್ತಿರ ಹಾರಿ, ಆಕಾಶದಲ್ಲಿ ಲಾಗ ಹಾಕಿ, ಬಣ್ಣದ ಹೊಗೆ ಬಿಟ್ಟು ಹೋದರೆ ದೇಶಕ್ಕೆ ಬಂದದ್ದೇನು? ಇದನ್ನು ನನ್ನಲ್ಲಿ ಕೇಳಿದವನು ಅರ್ಥಶಾಸ್ತ್ರ ಓದಿದವನಲ್ಲ. ಶಿಕಾರಿಪುರ ತಾಲ್ಲೂಕಿನಲ್ಲಿ ಹೋರಿ ಕಟ್ಟುವ ರೈತ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಹೋರಿ ಹಬ್ಬದ ಅನುಮತಿಗೆಂದು ಬ್ಯಾರಿಕೇಡು, ಆಂಬುಲೆನ್ಸು, ಪಶುವೈದ್ಯರ ಪತ್ರ ಅಂತ ಅಲೆದು ಬಂದಿದ್ದ. "ಮೇಷ್ಟ್ರೆ, ನಮ್ಮ ಹೋರಿ ಓಡಿದ್ರೆ ಜೀವಕ್ಕೆ ಅಪಾಯ ಅಂತಾರೆ. ಯಲಹಂಕದಾಗೆ ವಿಮಾನ ಬಿದ್ದು ಸತ್ರಲ್ಲ, ಅದನ್ನ ಸರ್ಕಾರನೇ ನಡೆಸ್ತದೆ. ನಮ್ಮದು ಹುಚ್ಚು, ಅವರದ್ದು ಶೌರ್ಯ. ಇದ್ಯಾವ ನ್ಯಾಯ?"

ಕನ್ನಡ ಪಾಠ ಮಾಡಿ ನಿವೃತ್ತನಾದ ನನಗೆ ವಿಮಾನದ ಗಂಧ ಅಷ್ಟಕ್ಕಷ್ಟೆ. ಹೋರಿ ಮಾತ್ರ ಗೊತ್ತು. ಶಿಕಾರಿಪುರ, ಸೊರಬ, ಆಚೆಗೆ ಹಿರೇಕೆರೂರು, ಹಾನಗಲ್ಲು; ಈ ಪಟ್ಟಿಯಲ್ಲಿ ದೀಪಾವಳಿ ಬಂತೆಂದರೆ ಹೋರಿಯ ಕೊರಳಿಗೆ ಕೊಬ್ಬರಿ ಗಿಟುಕಿನ ಸರ, ಮೈಮೇಲೆ ಜೂಲ, ಕೊಂಬಿಗೆ ಬಲೂನು. ಅಖಾಡಕ್ಕೆ ಬಿಟ್ಟಾಗ ಎರಡೂ ಬದಿಯ ಹುಡುಗರು ಕೊಬ್ಬರಿ ಹರಿಯಲು ಮುಗಿಬೀಳುತ್ತಾರೆ. ಹರಿದರೆ ಹುಡುಗನಿಗೆ ಹೆಸರು, ಸಿಗದೆ ಪಾರಾದರೆ ಹೋರಿಗೆ ಹೆಸರು. 2017ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತು ಹೋರಿಗಳ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಹೋರಿ ತಿವಿದು ಸತ್ತವನ ಮನೆಗೆ ಕೋರ್ಟಿನ ತೀರ್ಪು ಸಮಾಧಾನ ಹೇಳುವುದಿಲ್ಲ. ಅಂಥ ಸುದ್ದಿ ನಮ್ಮ ಕಡೆಯಿಂದ ಬರುತ್ತಲೇ ಇರುತ್ತದೆ. ಹಾಗಾಗಿ ಅವನ ಪ್ರಶ್ನೆಯನ್ನು ಕೊಸರಾಟವೆಂದು ತಳ್ಳಿಹಾಕಲು ಮನಸ್ಸು ಬರಲಿಲ್ಲ.

ಅವನು ಕೇಳಿದ ಆ ಒಂಬತ್ತು ವಿಮಾನಗಳ ತಂಡ, ವಾಯುಪಡೆಯ ಸೂರ್ಯಕಿರಣ, ಹುಟ್ಟಿದ್ದು ನಮ್ಮದೇ ಬೀದರಿನಲ್ಲಿ, 1996ರಲ್ಲಿ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್ ತರಬೇತಿ ವಿಮಾನಗಳೇ ಅದರ ಕುದುರೆಗಳು. ಈಗ ಹಾರಿಸುವುದು ಹಾಕ್. ಅದೂ ತರಬೇತಿ ವಿಮಾನವೇ. ಯಲಹಂಕದ ಏರೋ ಇಂಡಿಯಾ ಸಮಯದಲ್ಲಿ ಅಣ್ಣನ ಮಗನ ಮನೆಯ ತಾರಸಿಯಿಂದ ನಾನೂ ನೋಡಿದ್ದೇನೆ. ಮೈ ಜುಮ್ಮೆಂದದ್ದು ನಿಜ. ಅದು ದೇಶಾಭಿಮಾನದಿಂದ ಅಂತ ಪಕ್ಕದವರು ಅಂದರು. ನನಗೆ ಹಾಗನ್ನಿಸಲಿಲ್ಲ. ಎಂಟು ಜನ ಒಬ್ಬನ ಕೈಗೆ ತಮ್ಮ ಜೀವ ಕೊಟ್ಟು, ಎಡಬಲ ನೋಡದೆ, ಮುಂದಿನವನ ರೆಕ್ಕೆಯೊಂದನ್ನೇ ದಿಟ್ಟಿಸುತ್ತ ಹಾರುತ್ತಾರಲ್ಲ, ಆ ಗಳಿಗೆಯಲ್ಲಿ ಅವರ ಪೈಕಿ ಯಾರಿಗೂ 'ನಾನು' ಅನ್ನಲು ಪುರುಸೊತ್ತಿರುವುದಿಲ್ಲ. ವರ್ಷಗಟ್ಟಲೆ ಧ್ಯಾನಕ್ಕೆ ಕೂತವರಿಗೂ ಕೈಗೆಟುಕದ ಸ್ಥಿತಿ ಅದು. ಅದನ್ನು ಕಂಡೇ ಮೈ ಜುಮ್ಮೆಂದಿದ್ದು.

ಮೊದಲು ದುಡ್ಡಿನ ಮಾತು. ಬಡವರಿರುವ ದೇಶದಲ್ಲಿ ಆಕಾಶಕ್ಕೆ ಹೊಗೆ ಬಿಡುವುದೇಕೆ ಎಂಬ ಆಕ್ಷೇಪ ನನಗೆ ಅರ್ಧ ಮಾತ್ರ ಒಪ್ಪಿಗೆ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಒಂಬತ್ತು ಹಾಕ್ ವಿಮಾನಗಳ ಇಂಧನ ಹುಡುಕುವುದೆಂದರೆ ಕೆರೆಯಲ್ಲಿ ಚೊಂಬು ನೀರು ಹುಡುಕಿದಂತೆ. ಇನ್ನೊಂದು ಕಾರಣವೂ ಉಂಟು. ಅದು ನಮ್ಮ ತಾಲ್ಲೂಕಿನಲ್ಲೇ ಕಲ್ಲಿನ ಮೇಲಿದೆ. ಬಳ್ಳಿಗಾವಿಯ ಕೋಡಿಯಮಠದ ಬಗ್ಗೆ 1162ರ ಶಾಸನವೊಂದಿದೆ, ಬಿಜ್ಜಳನ ಕಾಲದ್ದು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು, ರೋಗಿಗಳಿಗೆ ಮದ್ದು ಸಿಗುತ್ತಿತ್ತು ಎಂದೆಲ್ಲ ಹೇಳಿ, ಅನ್ನ ಯಾರಿಗೆ ಎಂಬ ಪಟ್ಟಿ ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಎಂದು ಶುರುವಾದ ಪಟ್ಟಿ ಉಸಿರು ಬಿಡದೆ ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರನ್ನೂ ಒಳಗೊಳ್ಳುತ್ತದೆ. ಹಸಿದವನಿಗೂ ಕುಣಿಯುವವನಿಗೂ ಒಂದೇ ಪಂಕ್ತಿ. ಬಡವನ ಅನ್ನ ಕಿತ್ತು ಕುಣಿಯುವವನಿಗೆ ಇಕ್ಕಿದರೆ ತಪ್ಪು. ಒಬ್ಬನಿಗೆ ಇಕ್ಕುವುದಕ್ಕಾಗಿ ಇನ್ನೊಬ್ಬನನ್ನು ಎಬ್ಬಿಸಲೇಬೇಕು ಎಂಬುದೂ ತಪ್ಪು. ಅದೇ ಬಳ್ಳಿಗಾವಿಯಲ್ಲಿ 1047ರಲ್ಲಿ ನೆಟ್ಟ ಭೇರುಂಡ ಕಂಬ ಇಂದಿಗೂ ನೆಟ್ಟಗೆ ನಿಂತಿದೆ. ಆಳುವವರು ಎತ್ತರದಲ್ಲಿ ಏನಾದರೊಂದು ತೋರಿಸದೆ ಇದ್ದ ಕಾಲವಿಲ್ಲ.

ದುಡ್ಡಿನ ಲೆಕ್ಕ ಹೀಗೆ ತೀರುತ್ತದೆ. ಜೀವದ ಲೆಕ್ಕ ತೀರುವುದಿಲ್ಲ. 2006ರ ಮಾರ್ಚಿನಲ್ಲಿ ಬೀದರಿನಲ್ಲಿ ಅಭ್ಯಾಸದ ಹಾರಾಟದಲ್ಲಿ ಸೂರ್ಯಕಿರಣದ ಇಬ್ಬರು ಪೈಲಟ್‌ಗಳು ಸತ್ತರು. 2009ರ ಜನವರಿಯಲ್ಲಿ ಅಲ್ಲೇ ಮತ್ತೊಬ್ಬರು. 2010ರ ಮಾರ್ಚಿನಲ್ಲಿ ಹೈದರಾಬಾದಿನ ಪ್ರದರ್ಶನದಲ್ಲಿ ನೌಕಾಪಡೆಯ ಸಾಗರ್ ಪವನ್ ತಂಡದ ಇಬ್ಬರು. 2019ರ ಫೆಬ್ರವರಿ 19ರಂದು, ಏರೋ ಇಂಡಿಯಾ ಶುರುವಾಗುವ ಮುನ್ನಾದಿನ, ಯಲಹಂಕದ ಮೇಲೆ ಎರಡು ಹಾಕ್‌ಗಳು ಡಿಕ್ಕಿ ಹೊಡೆದು ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು.

ಸತ್ತವರ ಲೆಕ್ಕ ಇಡುವುದು ಹೇಗೆಂದು ನಮ್ಮ ಕಡೆಯ ಕಲ್ಲುಗಳಿಗೆ ಗೊತ್ತು. ಸೊರಬ ತಾಲ್ಲೂಕು ನನ್ನ ಹೆಂಡತಿಯ ತವರು. ಆನವಟ್ಟಿ, ಕುಪ್ಪಟೂರು, ಜಡೆ, ಉದ್ರಿ, ಯಾವ ದಿಕ್ಕಿಗೆ ಹೊರಟರೂ ಕೆರೆ ಏರಿಯ ಮೇಲೋ ಗುಡಿಯ ಹಿಂದೋ ಒಂದು ವೀರಗಲ್ಲು ಎದುರಾಗುತ್ತದೆ. ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿದಾಗ ಎಪಿಗ್ರಾಫಿಯಾ ಕರ್ನಾಟಿಕಾದ ಎರಡು ಸಂಪುಟಗಳೇ ಬೇಕಾದವು. ಶಿಕಾರಿಪುರ ಏಳನೆಯದರಲ್ಲಿ, ಸೊರಬ ಎಂಟನೆಯದರಲ್ಲಿ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಕಾಳಗ, ನಡುಪಟ್ಟಿಯಲ್ಲಿ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಬರಹವಿದ್ದರೆ ಅದು ಬಹಳ ನೇರ: ತುರು ಮರಳಿಸಲು ಕಾದಿ ಸತ್ತ, ಊರಳಿವಿನಲ್ಲಿ ಸತ್ತ, ಹೆಂಗಸರ ಮಾನ ಕಾಯುತ್ತ ಸತ್ತ. ಎಷ್ಟೋ ಕಲ್ಲುಗಳು ಅಲ್ಲಿಗೇ ನಿಲ್ಲದೆ ಅವನ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆಯ ಹೊಲವನ್ನೂ ಹೇಳುತ್ತವೆ. ಊರು ಹೊಗಳಿಕೆಯನ್ನೂ ಸಾಲವನ್ನೂ ಒಂದೇ ಕಲ್ಲಿನಲ್ಲಿ ಕೊರೆಸುತ್ತಿತ್ತು.

ಸಾಹಿಲ್ ಗಾಂಧಿಗೆ ಇಂಥದೊಂದು ಕಲ್ಲು ನೆಡುವುದಾದರೆ ಕಾರಣದ ಜಾಗದಲ್ಲಿ ಏನು ಬರೆಸುವುದು? ಅಲ್ಲಿ ಶತ್ರುವಿರಲಿಲ್ಲ, ತುರುವಿರಲಿಲ್ಲ, ಮುತ್ತಿಗೆ ಬಿದ್ದ ಊರಿರಲಿಲ್ಲ. ಮರುದಿನ ಜನ ನೋಡಲಿ ಎಂದು ಅಭ್ಯಾಸ ಮಾಡುತ್ತ ಸತ್ತರು ಎಂದೇ ಬರೆಸಬೇಕು. ಅಂದರೆ ನೋಡುವವನಾದ ನಾನು ಆ ಕಾರಣದ ಒಳಗೆ ಬಂದೆ. ಸೈನಿಕ ಒಪ್ಪಿಯೇ ಹೋಗಿರುತ್ತಾನೆ ಎಂಬುದು ಅವನ ಧರ್ಮದ ಮಾತಾಯಿತು. ತಾರಸಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದವನ ಧರ್ಮ ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಬಳ್ಳಿಗಾವಿಯ ಅಲ್ಲಮನ ಹತ್ತಿರವೇ ಹೋದೆ. ಶೂನ್ಯಸಂಪಾದನೆಯಲ್ಲಿ ಅವನಿಗೆ ಗೋರಕ್ಷ ಎದುರಾಗುತ್ತಾನೆ. ಗೋರಕ್ಷ ಸಿದ್ಧ, ದೇಹವನ್ನು ವಜ್ರ ಮಾಡಿಕೊಂಡವನು. ಹೊಡೆದು ನೋಡು ಎಂದು ಕತ್ತಿಯನ್ನು ಅಲ್ಲಮನ ಕೈಗೇ ಕೊಡುತ್ತಾನೆ. ಹೊಡೆದರೆ ಖಣಿಲೆಂಬ ಸದ್ದು, ಕೂದಲೂ ಕೊಂಕಲಿಲ್ಲ. ಈಗ ನನ್ನನ್ನು ಹೊಡೆ ಎಂದು ಅಲ್ಲಮ ನಿಲ್ಲುತ್ತಾನೆ. ಗೋರಕ್ಷ ಬೀಸಿದ ಕತ್ತಿ ಬಯಲಲ್ಲಿ ಆಡಿದ ಹಾಗೆ ಆಚೆಗೆ ಹಾದುಹೋಗುತ್ತದೆ.

ಇದನ್ನು ಪಾಠ ಮಾಡುವಾಗ ನಾವೆಲ್ಲ ಅಲ್ಲಮ ಗೆದ್ದ, ಗೋರಕ್ಷ ಸೋತ ಎಂದು ಮುಗಿಸುತ್ತೇವೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಇಬ್ಬರೂ ಪ್ರದರ್ಶನ ಕೊಟ್ಟರು. ತೋರಿಸುವುದೇ ಪಾಪವಾಗಿದ್ದರೆ ಅಲ್ಲಮ ಮೈಯೊಡ್ಡಿ ನಿಲ್ಲುತ್ತಲೇ ಇರಲಿಲ್ಲ. ಗೋರಕ್ಷನಿಗೆ ತಾನು ತೋರಿಸಿದ್ದನ್ನು ಇಳಿಸಿಡಲು ಬರುತ್ತಿರಲಿಲ್ಲ, ಆ ವಜ್ರದ ಮೈಯೇ ಅವನಾಗಿಬಿಟ್ಟಿತ್ತು. ಅಲ್ಲಮನೋ, ಇಳಿಸಿಟ್ಟು ಅಭ್ಯಾಸವಿದ್ದವನು. ಹರಿಹರನ ರಗಳೆಗೂ ಚಾಮರಸನ ಪ್ರಭುಲಿಂಗಲೀಲೆಗೂ ಅವನ ಕಥೆಯಲ್ಲಿ ಹೊಂದಾಣಿಕೆ ಕಡಿಮೆ, ಆದರೆ ಮದ್ದಳೆ ಎರಡರಲ್ಲೂ ಇದೆ. ಅಷ್ಟು ಒಲಿದಿದ್ದ ಮದ್ದಳೆಯನ್ನು ಕೆಳಗಿಟ್ಟೇ ಅವನು ಅಲ್ಲಮಪ್ರಭುವಾದದ್ದು.

ನಾನು ಹಿಡಿದ ಅಳತೆಗೋಲು ಇದು: ಹೊತ್ತು ಬಂದಾಗ ಇಳಿಸಿಡಲು ಬರುವ ಸಾಹಸ ತನ್ನ ಬೆಲೆಗೆ ಯೋಗ್ಯ, ಇಳಿಸಿಡಲಾಗದ್ದು ಪುಕ್ಕಟೆಯಾಗಿ ಸಿಕ್ಕರೂ ದುಬಾರಿ.

ಸೂರ್ಯಕಿರಣಕ್ಕೆ ಈ ಅಳತೆಗೋಲು ಹಿಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. 2009ರಲ್ಲಿ ಎಚ್‌ಪಿಟಿ-32 ಎಂಬ ಆರಂಭದ ತರಬೇತಿ ವಿಮಾನ ಅಪಘಾತಕ್ಕೀಡಾಗಿ ಇಬ್ಬರು ಶಿಕ್ಷಕ ಪೈಲಟ್‌ಗಳು ಸತ್ತ ಮೇಲೆ ವಾಯುಪಡೆ ಆ ಮಾದರಿಯನ್ನೇ ನೆಲಕ್ಕಿಳಿಸಿತು. ಹೊಸ ಹುಡುಗರಿಗೆ ಹಾರಲು ಕಲಿಸಲು ವಿಮಾನವೇ ಸಾಲದಾಯಿತು. ಆಗ 2011ರ ಫೆಬ್ರವರಿಯ ಏರೋ ಇಂಡಿಯಾ ಮುಗಿದದ್ದೇ ಸೂರ್ಯಕಿರಣವನ್ನು ನಿಲ್ಲಿಸಿ, ಅದರ ಕಿರಣ್‌ಗಳನ್ನು ತರಬೇತಿಗೆ ಕಳಿಸಿದರು. ಮೆರವಣಿಗೆಗಿಂತ ಪಾಠಶಾಲೆ ದೊಡ್ಡದು ಎಂದಾಯಿತು. ಸ್ವಿಸ್ ಪಿಲಾಟಸ್ ವಿಮಾನಗಳು ಬಂದು ತರಬೇತಿಯ ಬಿಕ್ಕಟ್ಟು ಸಡಿಲಗೊಂಡ ಮೇಲೆ, 2015ರಲ್ಲಿ, ಹಾಕ್‌ಗಳೊಂದಿಗೆ ತಂಡ ಮತ್ತೆ ಎದ್ದಿತು. ಈ ಪ್ರದರ್ಶನದ ನಿಜವಾದ ವೆಚ್ಚ ರೂಪಾಯಿಯಲ್ಲಿಲ್ಲ, ಕಲಿಯುವವನಿಗೆ ತಪ್ಪಿಹೋಗುವ ವಿಮಾನದಲ್ಲಿದೆ ಎಂಬುದನ್ನು ಯಾವ ಟೀಕಾಕಾರನಿಗಿಂತ ಮೊದಲು ವಾಯುಪಡೆಯೇ ಕಂಡುಕೊಂಡಿತ್ತು. ಆ ನಾಲ್ಕು ವರ್ಷದ ಮೌನವೇ ತಂಡವನ್ನು ಉಳಿಸಿಕೊಳ್ಳಬಹುದು ಎನ್ನಲು ನನಗಿರುವ ಗಟ್ಟಿ ಕಾರಣ.

ಇದೇ ಅಳತೆಗೋಲಿಗೆ ನಪಾಸಾದ ದಿನಗಳೂ ಇವೆ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ತೀರದಲ್ಲಿ ವಾಯುಪಡೆಯ ಪ್ರದರ್ಶನಕ್ಕೆ ಲಕ್ಷಾಂತರ ಜನ ಸೇರಿದರು. ವಿಮಾನವೊಂದೂ ಬೀಳಲಿಲ್ಲ, ಆದರೂ ಬಿಸಿಲು ನೂಕುನುಗ್ಗಲಿನಲ್ಲಿ ಐವರು ಸತ್ತರು. ಜನ ಸೇರಿದ್ದೇ ದಾಖಲೆ ಎಂದು ಬೀಗುವುದಕ್ಕೆ ಮೊದಲು ಅವರಿಗೆ ನೆರಳು, ನೀರು, ಮನೆಗೆ ಮರಳುವ ದಾರಿ ಇದೆಯೇ ಎಂದು ನೋಡಬೇಕಿತ್ತು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ನಮ್ಮ ಬೆಂಗಳೂರಿನಲ್ಲಿ ತಯಾರಾದ ತೇಜಸ್ ನೆಲಕ್ಕಪ್ಪಳಿಸಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಸತ್ತರು. ಕೆಲ ಹೊತ್ತಿಗೆ ಕಾರ್ಯಕ್ರಮ ಮುಂದುವರಿಯಿತು. ಆದರೆ ಅಮೆರಿಕದ ಎಫ್-16 ತಂಡ ತನ್ನ ಪ್ರದರ್ಶನವನ್ನು ತಾನೇ ರದ್ದು ಮಾಡಿಕೊಂಡಿತು. ಅಂದು ಇಳಿಸಿಡಲು ಬಂದವರು ಅವರು.

ಜರ್ಮನಿಯ ರಾಮ್‌ಸ್ಟೈನಿನಲ್ಲಿ 1988ರ ಆಗಸ್ಟ್ 28ರಂದು ಇಟಲಿಯ ಪ್ರದರ್ಶನ ತಂಡದ ವಿಮಾನಗಳು ಡಿಕ್ಕಿಯಾಗಿ, ಒಂದು ಜನರ ಮೇಲೇ ಬಿದ್ದು, 70 ಮಂದಿ ಸತ್ತರು. ಅಂದಿನ ಕಸರತ್ತಿನಲ್ಲಿ ಒಂಟಿ ವಿಮಾನ ಜನರತ್ತ ಮುಖ ಮಾಡಿ ಬರುವುದೇ ರೋಮಾಂಚನದ ತಿರುಳಾಗಿತ್ತು. ಆಮೇಲೆ ನಿಯಮಗಳು ಬಿಗಿಯಾದವು. ಜನರತ್ತ ನುಗ್ಗುವ ಆಟ ಬಿಟ್ಟರೂ ಪ್ರದರ್ಶನದ ಸೊಬಗು ಕುಂದಲಿಲ್ಲ. ಸಾವಿನ ಅಂಚು ಬೇರೆ, ಸಾಹಸದ ಹೂರಣ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೋರಿಯವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅವನಿಗೆ ಪೂರ್ತಿ ಹಿಡಿಸಲಿಲ್ಲ. ಹುಚ್ಚು, ಶೌರ್ಯ ಎಂಬ ಹಣೆಪಟ್ಟಿ ಹಚ್ಚುವುದು ಬೇಡ, ಎರಡಕ್ಕೂ ಒಂದೇ ನ್ಯಾಯ ಇರಲಿ ಎಂದೆ. ಪೈಲಟ್ ಒಪ್ಪಿ ಹಾರುತ್ತಾನೆ, ಹೋರಿಯನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ. ಇದು ಹೋರಿ ಹಬ್ಬದ ದೌರ್ಬಲ್ಯ. ಅಖಾಡದಲ್ಲಿ ಒಬ್ಬ ಬಿದ್ದ ಮೇಲೂ ಮರ್ಯಾದೆಯ ಪ್ರಶ್ನೆ ಎಂದು ಮುಂದಿನ ಹೋರಿ ಬಿಡುವ ಊರು, ದುಬೈನ ಆ ಮಧ್ಯಾಹ್ನಕ್ಕಿಂತ ಮೇಲಲ್ಲ. ಅನುಮತಿಯ ಷರತ್ತು ಹೋರಿಗೆ ಎಷ್ಟು ಬಿಗಿಯೋ ವಿಮಾನಕ್ಕೂ ಅಷ್ಟೇ ಬಿಗಿಯಾಗಲಿ, ಅದೂ ಜನಕ್ಕೆ ಗೊತ್ತಾಗುವ ಹಾಗೆ.

ಹಾಗೆಂದರೆ ಏನು ಮಾಡಬೇಕು? ಪ್ರತಿ ಏರೋ ಇಂಡಿಯಾದಲ್ಲೂ ಹಾರಾಟಕ್ಕೆ ಮೊದಲು ಧ್ವನಿವರ್ಧಕದಲ್ಲಿ ಬಿರುದು ಬಾವಲಿ ಹೇಳುವ ಹೊತ್ತಿನಲ್ಲಿ ಆ ವರ್ಷ ತಂಡಕ್ಕಾದ ಖರ್ಚನ್ನೂ ಹೇಳಲಿ. 2006ರಿಂದ ಈಚೆಗೆ ಪ್ರದರ್ಶನಕ್ಕಾಗಿ ಸತ್ತವರ ಹೆಸರುಗಳನ್ನೂ ಓದಲಿ. ನೆತ್ತರುಗೊಡಗೆ ಕೆತ್ತಿಸಿದ ಊರುಗಳ ಲೆಕ್ಕಶುದ್ಧಿ ಅದು. ಜನವಸತಿಯ ಮೇಲೆ ಎದುರುಬದುರು ನುಗ್ಗುವ ಕಸರತ್ತುಗಳನ್ನು ಬಿಡಲಿ. ಒಂಬತ್ತು ರೆಕ್ಕೆಗಳು ಒಂದಾಗಿ ತಿರುಗುವ ಆ ಒಂದು ತಿರುವೇ ಸಾಕು. ತರಬೇತಿಗೆ ವಿಮಾನ ಕಮ್ಮಿಬಿದ್ದ ದಿನ 2011ರ ಹಾಗೆ ಮರುಮಾತಿಲ್ಲದೆ ನಿಲ್ಲಿಸಲಿ.

ಇಷ್ಟಾದರೆ ನನ್ನ ತೆರಿಗೆಯ ಪಾಲನ್ನು ಸೂರ್ಯಕಿರಣಕ್ಕೆ ಸಂತೋಷದಿಂದ ಕೊಡುತ್ತೇನೆ. ಸತ್ತವರ ಹೆಸರು ಓದಿದರೆ ಹಬ್ಬದ ಕಳೆ ಕೆಡುತ್ತದೆ ಎನ್ನುವವರಿದ್ದರೆ, ಅವರು ಕೇಳುತ್ತಿರುವುದು ಲೆಕ್ಕವಿಲ್ಲದ ವೈಭವ. ಅದಕ್ಕೆ ನನ್ನದು ಒಂದು ಕಾಸೂ ಇಲ್ಲ.