ಕಂಡರೂ ಪ್ರಮಾಣಿಸಿ ನೋಡು

ಕನ್ನಡದಲ್ಲಿ ‘ಅನುಮಾನ’ ಅನ್ನುವ ಪದಕ್ಕೆ ಎರಡು ಮುಖ. ಮಾತಿನಲ್ಲಿ ಅದು ಸಂಶಯ. ‘ಯಾಕೋ ಅವನ ಮೇಲೆ ಅನುಮಾನ’ ಅಂತೀವಲ್ಲ, ಅದು. ನ್ಯಾಯಶಾಸ್ತ್ರ ಓದಿದವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ: ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಅಂತ ತಿಳಿಯುವುದು ಅನುಮಾನ, ಅಂದರೆ ತಿಳಿವಳಿಕೆಗೆ ಇರುವ ದಾರಿಗಳಲ್ಲಿ ಒಂದು. ಒಂದೇ ಪದ ಹೇಗೆ ಹೀಗೆ ಎರಡು ದಿಕ್ಕಿಗೆ ಹೋಯಿತು ಅನ್ನೋದನ್ನ ಭಾಷೆ ಬಲ್ಲವರು ಹೇಳಲಿ. ನಾನು ಹುಳುಗಳ ಹಿಂದೆ ಬಿದ್ದವನು. ನನ್ನ ಕಸುಬಿನಲ್ಲಿ ಮಾತ್ರ ಎರಡೂ ಅರ್ಥ ಒಟ್ಟೊಟ್ಟಿಗೇ ಬೇಕಾಗುತ್ತದೆ. ಹೊಗೆ ನೋಡಿ ಬೆಂಕಿ ಅನ್ನಬೇಕು, ಅಂದ ಮೇಲೆ ‘ಅದು ಹೊಗೆಯೋ, ಮಂಜೋ’ ಅಂತ ಸಂಶಯವನ್ನೂ ಪಡಬೇಕು.

ಹೊಗೆಯ ಮಾತು ಬಂತಲ್ಲ, ಹೊಗೆಯದೇ ಒಂದು ಕತೆ ಇದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ನೆನಪಿರಬಹುದು. ಮರದ ಕಾಂಡದ ಮೇಲೆ ಕೂತ ಎರಡು ಪತಂಗ, ಒಂದು ಬಿಳಿ, ಒಂದು ಕಪ್ಪು. ಇಂಗ್ಲೆಂಡಿನ ಪೆಪ್ಪರ್ಡ್ ಮಾತ್ ಅದು. ಬಿಳಿ ರೆಕ್ಕೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕಿ ಇರೋದರಿಂದ ನಾನು ಮೆಣಸು ಪತಂಗ ಅಂತಲೇ ಕರೀತೀನಿ. ಕೈಗಾರಿಕೆಗಳ ಊರು ಮ್ಯಾಂಚೆಸ್ಟರಿನಲ್ಲಿ 1848ರಲ್ಲಿ ಪೂರ್ತಿ ಕಪ್ಪಗಿನ ಒಂದು ಮೆಣಸು ಪತಂಗ ಸಿಕ್ಕಿದ ದಾಖಲೆ ಇದೆ. 1895ರ ಹೊತ್ತಿಗೆ ಆ ಊರಿನ ಪತಂಗಗಳಲ್ಲಿ ನೂರಕ್ಕೆ 98 ಕಪ್ಪು! ಐವತ್ತು ವರ್ಷ ಕೂಡ ಆಗಿರಲಿಲ್ಲ.

1896ರಲ್ಲಿ ಜೆ. ಡಬ್ಲ್ಯು. ಟಟ್ ಎಂಬ ಕೀಟಾಸಕ್ತರು ಒಂದು ಕಾರಣ ಊಹಿಸಿದರು. ನಾವು ಮಸಾಲೆಗೆ ಹಾಕ್ತೀವಲ್ಲ ಕಲ್ಲುಹೂವು, ಆ ಬಳಗದ್ದು ಮರದ ತೊಗಟೆಯ ಮೇಲೆ ಬಿಳಿಬಿಳಿಯಾಗಿ ಬೆಳೆದಿರುತ್ತಿತ್ತು, ಅದರ ಮೇಲೆ ಕೂತ ಬಿಳಿ ಪತಂಗ ಹಕ್ಕಿಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ಚಿಮಣಿಗಳ ಹೊಗೆ ಕಲ್ಲುಹೂವನ್ನು ಕೊಂದು ತೊಗಟೆಗೆ ಮಸಿ ಬಳಿಯಿತು. ಈಗ ಬಿಳಿಯದು ಎದ್ದು ಕಾಣತೊಡಗಿತು, ಕಪ್ಪಿನದು ಬಚಾವಾಯಿತು. 1924ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಲೆಕ್ಕ ಹಾಕಿ, ಇಷ್ಟು ಬೇಗ ಇಷ್ಟು ಬದಲಾಗಬೇಕಾದರೆ ಕಪ್ಪು ಪತಂಗ ಬಿಳಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಸಂತಾನ ಉಳಿಸಿರಬೇಕು ಅಂತ ತೋರಿಸಿದರು. (ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಮ್ಮವರು ಅಂತ ಹೇಳಿಕೊಳ್ಳೋಕೆ ಸಂಕೋಚ ಬೇಡ.)

ಆದರೆ ಹಕ್ಕಿ ತಿನ್ನೋದನ್ನ ನೋಡಿದವರು ಯಾರು? ಹಕ್ಕಿ ಬಲ್ಲವರೇ ಅನೇಕರು ನಂಬಲಿಲ್ಲ. ವೈದ್ಯವೃತ್ತಿಯಿಂದ ಪತಂಗಗಳ ಕಡೆಗೆ ಬಂದ ಬರ್ನಾರ್ಡ್ ಕೆಟಲ್‌ವೆಲ್ 1953ರಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಮಸಿ ಹಿಡಿದ ಕಾಡಿನಲ್ಲಿ ರೆಕ್ಕೆಯಡಿ ಬಣ್ಣದ ಗುರುತು ಹಾಕಿದ ಪತಂಗಗಳನ್ನು ಬಿಟ್ಟು, ರಾತ್ರಿ ದೀಪ ಹಾಕಿ ಮತ್ತೆ ಹಿಡಿದರು. ಬಿಟ್ಟ ಕಪ್ಪಿನಲ್ಲಿ ಶೇ. 27ಕ್ಕಿಂತ ಹೆಚ್ಚು ವಾಪಸು ಸಿಕ್ಕವು, ಬಿಳಿಯಲ್ಲಿ ಶೇ. 13. ಎರಡು ವರ್ಷ ಕಳೆದು ಡಾರ್ಸೆಟ್‌ನ ಶುಭ್ರವಾದ ಕಾಡಿನಲ್ಲಿ ಇದನ್ನೇ ಮಾಡಿದಾಗ ಲೆಕ್ಕ ತಿರುವುಮುರುವು: ಬಿಳಿ ಶೇ. 12.5, ಕಪ್ಪು ಶೇ. 6.3. ನಿಕೊ ಟಿನ್‌ಬರ್ಗನ್ ಮರೆಯಲ್ಲಿ ಕೂತು ಹಕ್ಕಿಗಳು ಪತಂಗ ಹೆಕ್ಕಿ ತಿನ್ನೋದನ್ನ ಸಿನಿಮಾ ತೆಗೆದರು. ಅಲ್ಲಿಂದ ಈ ಪತಂಗ ಜಗತ್ತಿನ ಪಠ್ಯಪುಸ್ತಕಗಳಿಗೆಲ್ಲ ಹಾರಿತು.

ಕೆಲವು ವರ್ಷಗಳ ಹಿಂದೆ, ಈ ಪಾಠ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ‘ಸಾರ್, ಆ ಫೋಟೋದಲ್ಲಿರೋ ಪತಂಗ ಸತ್ತಿದ್ವಂತೆ. ಪಿನ್ ಚುಚ್ಚಿ ಕೂರಿಸಿದ್ರಂತೆ. ಹೌದಾ?’ ವಾಟ್ಸಾಪಿನಲ್ಲಿ ಬಂದಿತ್ತಂತೆ. ಕೊನೆಯಲ್ಲಿ ‘ಡಾರ್ವಿನ್ ಮಹಾಮೋಸ’ ಅಂತಲೂ ಇತ್ತಂತೆ.

ನಾನು ಹೌದು ಅಂದೆ. ಆ ಕಾಲದ ಪುಸ್ತಕಗಳಿಗೆ ಹೋದ ಹಲವು ಫೋಟೋಗಳು ಸತ್ತ ಪತಂಗಗಳವೇ, ಜೋಡಿಸಿ ತೆಗೆದವು. ಅವು ಪ್ರಯೋಗದ ಫೋಟೋ ಅಲ್ಲ, ಪ್ರಯೋಗದಲ್ಲಿ ಬಿಟ್ಟದ್ದು ಜೀವಂತ ಪತಂಗಗಳನ್ನು, ಇದನ್ನೂ ಹೇಳಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ‘ಹೌದು ಅಂತ ಯಾಕ್ರೀ ಅಂದ್ರಿ? ಹತ್ತನೇ ಕ್ಲಾಸಿನ ಪುಸ್ತಕದಿಂದ ವಿಕಾಸವಾದಾನೇ ಕಿತ್ತು ಹಾಕೋ ಕಾಲ ಇದು. ನೀವು ಒಂದು ಎಳೆ ಕೈಗೆ ಕೊಟ್ರೆ ಅವರು ಇಡೀ ಬಟ್ಟೇನೇ ಬಿಚ್ಚಿಹಾಕ್ತಾರೆ. ಆ ಹುಡುಗ ನೀವು ಹೇಳಿದ್ರಲ್ಲಿ ಅರ್ಧ ಮಾತ್ರ ಮನೆಗೆ ತಗೊಂಡು ಹೋಗ್ತಾನೆ, ನೋಡ್ತಿರಿ.’

ಇದು ಹಗುರವಾದ ಮಾತಲ್ಲ. ಅವರು ಹೇಡಿಯೂ ಅಲ್ಲ, ಸುಳ್ಳುಗಾರರೂ ಅಲ್ಲ. ಸುಳ್ಳು ಹೇಳಿ ಅಂತ ಅವರು ಹೇಳುತ್ತಿಲ್ಲ. ಎದುರಿಗೆ ಹೊಂಚು ಹಾಕಿ ಕೂತವರಿರುವಾಗ ಮನೆಯ ಗುಟ್ಟು ಬೀದಿಗೆ ತರಬೇಡಿ ಅನ್ನುತ್ತಿದ್ದಾರೆ. ನಮ್ಮ ಸಂಶಯಗಳನ್ನು ನಾವು ನಾವೇ, ಗೋಷ್ಠಿಗಳಲ್ಲಿ, ಜರ್ನಲ್‌ಗಳಲ್ಲಿ ಆಡಿಕೊಳ್ಳೋಣ, ಹೊರಗೆ ಮಾತ್ರ ಒಂದೇ ದನಿ ಇರಲಿ ಅಂತ. ಲಸಿಕೆಯ ವಿಷಯದಲ್ಲಿ, ಹವಾಮಾನದ ವಿಷಯದಲ್ಲಿ ಇದೇ ವಾದ ನೀವೂ ಕೇಳಿರುತ್ತೀರಿ. ಒಂದು ಪ್ರಾಮಾಣಿಕ ‘ಆದರೆ’ಯನ್ನು ಹಿಡಿದು ಹತ್ತು ಅಪ್ರಾಮಾಣಿಕ ಭಾಷಣ ಕಟ್ಟುವವರು ಇದ್ದೇ ಇದ್ದಾರೆ.

ಮೆಣಸು ಪತಂಗದ ವಿಷಯದಲ್ಲಿ ಹಾಗೆ ಆಗಿಯೂ ಇತ್ತು. ಕೆಟಲ್‌ವೆಲ್ ಪ್ರಯೋಗದಲ್ಲಿ ಲೋಪಗಳಿವೆ ಅಂತ ಮೊದಲು ಹೇಳಿದವರು ಡಾರ್ವಿನ್ ವಿರೋಧಿಗಳಲ್ಲ, ಪತಂಗ ತಜ್ಞರೇ. ರಾತ್ರಿ ಹಾರುವ ಹುಳುವನ್ನು ಹಗಲಲ್ಲಿ ಬಿಟ್ಟರು, ಅದು ತಾನಾಗಿ ಆರಿಸದ ಜಾಗಕ್ಕೆ ಕೂರಿಸಿದರು, ಒಂದೇ ಕಡೆ ತೀರಾ ಹೆಚ್ಚು ಬಿಟ್ಟರು. ಹಕ್ಕಿಗಳಿಗೆ ಮದುವೆ ಊಟ ಹಾಕಿದ ಹಾಗೆ. ಅದಿರಲಿ, ಈ ಪತಂಗ ನಿಜವಾಗಿ ಕಾಂಡದ ಮೇಲೆ ಕೂರುತ್ತದೆಯೇ? ಕೇಂಬ್ರಿಜ್‌ನ ಮೈಕೆಲ್ ಮಜೆರಸ್ 1998ರಲ್ಲಿ ತಮ್ಮ ಪುಸ್ತಕದಲ್ಲಿ ಈ ಕೊರತೆಗಳನ್ನೆಲ್ಲ ಪಟ್ಟಿ ಮಾಡಿ, ಆದರೂ ಒಟ್ಟಾರೆ ಕತೆ ಸರಿ ಅಂತ ಬರೆದರು. ಆ ಪುಸ್ತಕವನ್ನು ‘ನೇಚರ್’ನಲ್ಲಿ ವಿಮರ್ಶಿಸಿದ ಜೆರ್ರಿ ಕಾಯ್ನ್, ವಿಕಾಸವಾದದ ಕಟ್ಟಾ ಪಕ್ಷಪಾತಿ, ಕ್ರಿಸ್‌ಮಸ್ ಉಡುಗೊರೆ ತರೋದು ಸಾಂಟಾ ಅಲ್ಲ, ಅಪ್ಪ ಅಂತ ಚಿಕ್ಕಂದಿನಲ್ಲಿ ಗೊತ್ತಾದಾಗ ಆದಂಥ ನಿರಾಸೆ ಆಯಿತು ಎಂದರು. ಅಷ್ಟು ಸಾಕಾಯಿತು. ವಿರೋಧಿಗಳು ಆ ಮಾತನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. 2002ರಲ್ಲಿ ಜುಡಿತ್ ಹೂಪರ್ ಎಂಬ ಲೇಖಕಿಯ ಪುಸ್ತಕ, ಕೆಟಲ್‌ವೆಲ್ ಅಂಕಿಗಳಲ್ಲಿ ಏನೋ ಕೈಚಳಕ ಇದೆ ಎಂಬ ಧ್ವನಿಯಲ್ಲಿ ಬಂತು. ವಂಚನೆಗೆ ಪುರಾವೆ ಸಿಗಲಿಲ್ಲ. ಕೆಟಲ್‌ವೆಲ್ 1979ರಲ್ಲೇ ತೀರಿಕೊಂಡಿದ್ದರು, ಉತ್ತರ ಕೊಡಲು ಅವರಿರಲಿಲ್ಲ.

ಅಂದರೆ ನನ್ನ ಸಹೋದ್ಯೋಗಿ ಭಯಪಟ್ಟದ್ದೆಲ್ಲ ನಡೆದುಹೋಗಿದೆ. ಆದರೂ ಅವರ ಮಾತು ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ ಆಮೇಲೆ ನಡೆದದ್ದೂ ಇದೆ.

ಮಜೆರಸ್ ಎರಡು ಕೆಲಸ ಮಾಡಬಹುದಿತ್ತು. ವಿರೋಧಿಗಳನ್ನು ಬೈಯಬಹುದಿತ್ತು, ಅದರಲ್ಲಿ ತಪ್ಪೇನೂ ಇರುತ್ತಿರಲಿಲ್ಲ. ಅಥವಾ ಪುಸ್ತಕದಿಂದ ಆ ಅಧ್ಯಾಯ ಸದ್ದಿಲ್ಲದೆ ಕೈಬಿಡಬಹುದಿತ್ತು. ಅವರು ಪತಂಗ ಸಾಕಲು, ಹಿಡಿಯಲು ಶುರುಮಾಡಿದರು. 2001ರಿಂದ ಏಳು ವರ್ಷ, ಕೇಂಬ್ರಿಜ್ ಹತ್ತಿರದ ತಮ್ಮದೇ ತೋಟದಲ್ಲಿ. ಬಿಟ್ಟದ್ದು 4,864 ಪತಂಗ. ಒಂದೊಂದು ಆಕ್ಷೇಪಣೆಗೂ ಒಂದೊಂದು ತಿದ್ದುಪಡಿ ಮಾಡಿದರು. ಒಂದು ರಾತ್ರಿಗೆ ಕೆಲವೇ ಕೆಲವು. ಕೊಂಬೆಗೆ ಬಲೆಯ ತೋಳು ಹೊದಿಸಿ ಕತ್ತಲಲ್ಲಿ ಅದರೊಳಗೆ ಬಿಡೋದು. ಪತಂಗ ತನಗಿಷ್ಟ ಬಂದಲ್ಲಿ ಕೂರಲಿ ಅಂತ. ಬೆಳಗಾಗುವ ಹೊತ್ತಿಗೆ ಬಲೆ ತೆಗೆದು, ಕೆಲವು ಗಂಟೆಯ ನಂತರ ಯಾವುದು ಉಳಿದಿದೆ, ಯಾವುದು ಇಲ್ಲ ನೋಡೋದು. ನಡುವೆ ದುರ್ಬೀನು ಹಿಡಿದು ಹಕ್ಕಿ ಕಾಯೋದು. ಒಂಬತ್ತು ಜಾತಿಯ ಹಕ್ಕಿಗಳು ತಿಂದದ್ದನ್ನು ಅವರು ಕಣ್ಣಾರೆ ಕಂಡರು.

ಪತಂಗ ನಿಜವಾಗಿ ಎಲ್ಲಿ ಕೂರುತ್ತದೆ ಅನ್ನೋ ಪ್ರಶ್ನೆಗೂ ಮರ ಹತ್ತಿಯೇ ಉತ್ತರ ಹುಡುಕಿದರು. ತಾವಾಗಿ ಬಂದು ಕೂತಿದ್ದ 135 ಪತಂಗ ಸಿಕ್ಕವು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಡ್ಡಕೊಂಬೆಗಳ ಮೇಲೆ, ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಂಡದ ಮೇಲೆ, ಉಳಿದವು ಸಣ್ಣ ರೆಂಬೆಗಳಲ್ಲಿ. ‘ಕಾಂಡದ ಮೇಲೆ ಕೂರುವುದೇ ಇಲ್ಲ’ ಅಂದವರೂ ಸೋತರು, ‘ಕಾಂಡದ ಮೇಲೇ ಕೂರುತ್ತದೆ’ ಅಂತ ಚಿತ್ರ ಹಾಕಿದವರೂ ಪೂರ್ತಿ ಗೆಲ್ಲಲಿಲ್ಲ. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾದ ಅಂಕಿ ಈ 135. ಏಳು ವರ್ಷಕ್ಕೆ 135! ವರ್ಷಕ್ಕೆ ಇಪ್ಪತ್ತೂ ಇಲ್ಲ. ಕಲ್ಲುಹೂವು ಮೆತ್ತಿದ ಕೊಂಬೆಯಲ್ಲಿ ಕಲ್ಲುಹೂವಿನಂತೆಯೇ ಕಾಣುವ ಹುಳುವನ್ನು ಹುಡುಕುವ ಕೆಲಸ ಮಾಡಿದವರಿಗೇ ಅದರ ಬೆಲೆ ಗೊತ್ತು.

ಇಂಗ್ಲೆಂಡಿನಲ್ಲಿ 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂದು ಮಸಿ ಕಡಿಮೆಯಾಗಿತ್ತು. ಹಾಗಾಗಿ ಈಗ ಸಾಯಬೇಕಾದದ್ದು ಕಪ್ಪು ಪತಂಗ. ಹಾಗೇ ಆಯಿತು: ಬಿಳಿಗಿಂತ ಕಪ್ಪಿನದು ಒಂದು ದಿನ ಬದುಕುಳಿಯುವ ಸಾಧ್ಯತೆ ಸುಮಾರು ಶೇ. 9ರಷ್ಟು ಕಡಿಮೆ. ಆ ಏಳು ವರ್ಷದಲ್ಲಿ ಆ ಪ್ರದೇಶದ ಕಪ್ಪು ಪತಂಗಗಳ ಪಾಲು ಶೇ. 12ರಿಂದ ಸುಮಾರು ಶೇ. 1ಕ್ಕೆ ಇಳಿಯಿತು. 2007ರ ಆಗಸ್ಟಿನಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಮಜೆರಸ್ ಇದನ್ನು ಮಂಡಿಸಿದರು. 2009ರ ಜನವರಿಯಲ್ಲಿ, ಪ್ರಬಂಧ ಪ್ರಕಟವಾಗುವ ಮೊದಲೇ ತೀರಿಕೊಂಡರು. ನಾಲ್ವರು ವಿಜ್ಞಾನಿಗಳು ಅವರ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ 2012ರಲ್ಲಿ, ಶೀರ್ಷಿಕೆಯಲ್ಲೇ ಅವರ ಹೆಸರಿಟ್ಟು ಪ್ರಕಟಿಸಿದರು. 2016ರಲ್ಲಿ ಲಿವರ್‌ಪೂಲ್‌ನ ತಂಡವೊಂದು ಕಪ್ಪು ಬಣ್ಣಕ್ಕೆ ಕಾರಣವಾದ ಡಿಎನ್‌ಎ ತುಣುಕನ್ನೇ ಹಿಡಿಯಿತು. ಜಾಗ ಬದಲಿಸುವ ಸ್ವಭಾವದ ತುಣುಕು, ಅದು ಬಂದು ಸೇರಿದ್ದು 1819ರ ಸುಮಾರಿಗೆ ಅಂತ ಅವರ ಅಂದಾಜು.

ಕೊರತೆಯನ್ನು ಮುಚ್ಚಿಟ್ಟಿದ್ದರೆ ಈ ಏಳು ವರ್ಷದ ಕೆಲಸ ಹುಟ್ಟುತ್ತಲೇ ಇರಲಿಲ್ಲ. ಸಹೋದ್ಯೋಗಿಗೆ ನಾನು ಹೇಳಿದ್ದು ಇಷ್ಟೇ. ‘ಅದು ಸರಿ ಕಣ್ರೀ, ಆದರೆ ವಾಟ್ಸಾಪಿನವರು ಉಪ್ಸಲಾಕ್ಕೆ ಹೋಗಿದ್ರಾ?’ ಅಂದರು. ಹೋಗಿರಲಿಲ್ಲ. ಅವರ ಸಂದೇಶ ಇನ್ನೂ ಹಾಗೇ ಓಡಾಡುತ್ತಿದೆ.

ನನ್ನ ಪ್ರಕಾರ ನೈತಿಕ ಪ್ರಶ್ನೆ ಇರೋದು ಇಲ್ಲಿ. ಸಂಶಯಪಡುವುದು ಹಕ್ಕು ಅಂತ ಎಲ್ಲರೂ ಹೇಳುತ್ತಾರೆ. ಅದು ಸಾಲವೂ ಹೌದು. ಸಂಶಯ ಎತ್ತಿದವರು ‘ಏನು ಕಂಡರೆ ನಾನು ಒಪ್ಪುತ್ತೇನೆ’ ಅನ್ನೋದನ್ನ ಮೊದಲೇ ಹೇಳಬೇಕು, ಅದು ಕಂಡಾಗ ಒಪ್ಪಬೇಕು. ಕಾಯ್ನ್ ಆ ಸಾಲ ತೀರಿಸಿದರು. ಹೊಸ ಪುರಾವೆ ನೋಡಿ, ಈಗ ನನ್ನ ತಕರಾರಿಲ್ಲ ಅಂದರು. ಹಗಲಲ್ಲಿ ಬಿಟ್ಟರು ಅಂದವರಿಗೆ ರಾತ್ರಿ ಬಿಟ್ಟು ತೋರಿಸಿದ ಮೇಲೂ, ಹಾಗಾದರೆ ಪತಂಗ ಪತಂಗವಾಗಿಯೇ ಉಳಿಯಿತಲ್ಲ, ಹಕ್ಕಿ ಆಗಲಿಲ್ಲವಲ್ಲ ಅಂತ ಕಂಬ ಕಿತ್ತು ಮುಂದೆ ನೆಡುವವರನ್ನು ಸಂದೇಹವಾದಿಗಳು ಅಂತ ಕರೆದರೆ ಪದಕ್ಕೇ ಅವಮಾನ. ಹಾಗಂತ ಅವರು ಹೇಳೋದು ಸುಳ್ಳೇನಲ್ಲ. ಪತಂಗ ಪತಂಗವಾಗಿಯೇ ಉಳಿಯಿತು. ಕಪ್ಪು ಬಿಳಿ ಎರಡೂ ಒಂದೇ ಜಾತಿ, ಕೂಡಿ ಮರಿ ಹಾಕುತ್ತವೆ. ಈ ಪ್ರಯೋಗ ತೋರಿಸೋದು ಆಯ್ಕೆ ಹೇಗೆ ನಡೆಯುತ್ತದೆ ಅನ್ನೋದನ್ನ ಮಾತ್ರ. ಇಡೀ ಡಾರ್ವಿನ್ನನ ಭಾರ ಹೊರುವ ಶಕ್ತಿ ಇಷ್ಟು ಸಣ್ಣ ರೆಕ್ಕೆಗಳಿಗೆ ಇಲ್ಲ, ಹೊರಿಸಲೂಬಾರದು. ಅದಕ್ಕೆ ಪಳೆಯುಳಿಕೆಗಳಿವೆ, ವಂಶವಾಹಿಗಳಿವೆ, ಅವು ಬೇರೆ ಪಾಠ.

ಈ ಸಾಲ ಬೇರೆಯವರಿಗಷ್ಟೇ ಅಲ್ಲ. ಅಮೆರಿಕದ ವೈಸ್‌ರಾಯ್ ಚಿಟ್ಟೆ, ವಿಷವಿರುವ ಮೊನಾರ್ಕ್ ಚಿಟ್ಟೆಯ ವೇಷ ಹಾಕಿ ಹಕ್ಕಿಗಳಿಗೆ ಮೋಸ ಮಾಡುವ ಸಾಧು ಪ್ರಾಣಿ ಅಂತ ತಲೆಮಾರುಗಳ ಕಾಲ ಪಾಠ ಆಗಿತ್ತು. 1991ರಲ್ಲಿ ಇಬ್ಬರು ಸಂಶೋಧಕರು ರೆಕ್ಕೆ ಕಿತ್ತು ಬರೀ ಹೊಟ್ಟೆಯ ಭಾಗ ಹಕ್ಕಿಗಳ ಮುಂದಿಟ್ಟರು. ವೇಷ ಕಳಚಿದ ವೈಸ್‌ರಾಯ್ ಕೂಡ ಹಕ್ಕಿಗಳ ಬಾಯಿಗೆ ಅಷ್ಟೇ ಕೆಟ್ಟ ರುಚಿ! ಅಷ್ಟು ವರ್ಷ ಯಾರೂ ಹಕ್ಕಿಯನ್ನು ಸರಿಯಾಗಿ ಕೇಳಿರಲೇ ಇಲ್ಲ. ಕಣ್ಣಿಗೆ ಕಟ್ಟುವ ಕತೆ ನಮ್ಮ ಪಕ್ಷದ್ದಾದರೆ ನಾವೂ ಪರೀಕ್ಷೆ ಮಾಡದೆ ದಾಟಿಸಿಬಿಡುತ್ತೇವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನುವ ಗಾದೆಯನ್ನು ನಾವು ಯಾವಾಗಲೂ ಪಕ್ಕದವರಿಗೇ ಹೇಳೋದು.

ಮಳೆ ಶುರುವಾದ ಮೇಲೆ ವಿದ್ಯಾರ್ಥಿಗಳ ಜೊತೆ ಬಿಳಿ ಬಟ್ಟೆ ಕಟ್ಟಿ, ದೀಪ ಹಾಕಿ ಪತಂಗ ನೋಡುವ ರೂಢಿ ಇದೆ. ಮಲೆನಾಡಿನ ಕಡೆ ಅದೃಷ್ಟವಿದ್ದರೆ ಅಟ್ಲಾಸ್ ಪತಂಗ ಬರುತ್ತದೆ, ಅಂಗೈ ಮೀರಿದ ರೆಕ್ಕೆ. ಆ ರೆಕ್ಕೆಯ ತುದಿ ಹಾವಿನ ತಲೆಯ ಹಾಗಿದೆ. ‘ಶತ್ರುಗಳನ್ನು ಹೆದರಿಸಲು’ ಅಂತ ಮಕ್ಕಳು ತಕ್ಷಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಾನು ಆ ಸಾಲಿನ ಮುಂದೆ ಎರಡು ಪ್ರಶ್ನೆ ಬರೆಸುತ್ತೇನೆ. ಹಾವಿನ ಹಾಗೆ ಕಂಡದ್ದು ಯಾರಿಗೆ? ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬಣ್ಣವೂ ಕಾಣುವ ಹಕ್ಕಿಗೆ ಅದು ಏನಾಗಿ ಕಂಡಿತು? ಕಳೆದ ವರ್ಷ ಒಬ್ಬಳು ಹುಡುಗಿ ಕೆಳಗೆ ಮೂರನೆಯದನ್ನೂ ಸೇರಿಸಿದ್ದಳು: ‘ಹಾವಿನ ತಲೆ ಅಳಿಸಿ, ಅಂದರೆ ತುದಿಗೆ ಕಪ್ಪು ಮಸಿ ಬಳಿದು ಬಿಟ್ಟರೆ ಗೊತ್ತಾಗುತ್ತಾ ಸಾರ್?’ ಗೊತ್ತಾಗಬಹುದು ಅಂದೆ. ಎಷ್ಟು ಪತಂಗ ಬೇಕು, ಎಷ್ಟು ರಾತ್ರಿ ಬೇಕು, ಬರೀ ಮಸಿಯ ವಾಸನೆಗೇ ಹಕ್ಕಿ ದೂರ ಹೋದರೆ ಏನು ಮಾಡೋದು ಅಂತ ಆಮೇಲೆ ದೀಪ ಆರಿಸುವವರೆಗೂ ಮಾತು ನಡೀತು.