ದಿಗ್ವ್ರತ ಮತ್ತು ದೂರದೂರಿನ ಉದ್ಯೋಗ

ಇರುವ ಉದ್ಯೋಗಕ್ಕಿಂತ ಹೆಚ್ಚಿನ ಸಂಬಳದ ಉದ್ಯೋಗವೊಂದು ದೂರದ ಊರಿನಲ್ಲಿ ದೊರೆತಾಗ ಹೋಗಬೇಕೆ, ಉಳಿಯಬೇಕೆ ಎಂಬ ಪ್ರಶ್ನೆ ಇಂದು ನಮ್ಮ ಅನೇಕ ಕುಟುಂಬಗಳನ್ನು ಕಾಡುತ್ತಿದೆ. ಮನೆಯಲ್ಲಿ ಈ ಮಾತು ಬಂದಾಗ ಎರಡು ಪಕ್ಷಗಳು ಹುಟ್ಟುವುದು ಸಹಜ. ತಾನಾಗಿ ಬಂದ ಅವಕಾಶವನ್ನು ಬಿಡುವುದು ಅವಿವೇಕವೆಂದು ಒಂದು ಪಕ್ಷ ಹೇಳುತ್ತದೆ. ಹೆತ್ತವರನ್ನು ಬಿಟ್ಟು ಹಣದ ಬೆನ್ನು ಹತ್ತಿ ಹೋಗುವುದು ಲೋಭವೆಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡೂ ಪಕ್ಷಗಳು ಅವಸರದಲ್ಲಿ ತೀರ್ಪು ಕೊಡುತ್ತವೆ. ನಮ್ಮ ಆಚಾರ್ಯರು ಶ್ರಾವಕಾಚಾರವನ್ನು ನಿರೂಪಿಸುವಾಗ ಈ ವಿಷಯವನ್ನು ಹೆಚ್ಚು ಸಮಾಧಾನದಿಂದ ವಿಚಾರ ಮಾಡಿದ್ದಾರೆ.

ಊರು ಬಿಡುವುದೇ ದೋಷವೆಂದು ಜೈನಧರ್ಮ ಎಲ್ಲಿಯೂ ಹೇಳಿಲ್ಲ. ಚಾತುರ್ಮಾಸದ ಕಾಲವನ್ನು ಬಿಟ್ಟರೆ ಮುನಿಗಳಿಗೆ ವಿಹಾರವೇ ನಿಯಮ. ಉತ್ತರದಲ್ಲಿ ಕ್ಷಾಮ ತಲೆದೋರಿದಾಗ ಭದ್ರಬಾಹು ಸ್ವಾಮಿಗಳು ಸಂಘದೊಡನೆ ದಕ್ಷಿಣಕ್ಕೆ ಬಂದರೆಂಬ ಪರಂಪರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದೊಂದಿಗೆ ಬೆರೆತುಹೋಗಿದೆ. ಆದರೆ ಮುನಿಗಳ ಸಂಚಾರಕ್ಕೂ ಗೃಹಸ್ಥನ ಸಂಚಾರಕ್ಕೂ ಒಂದು ವ್ಯತ್ಯಾಸವುಂಟು. ಮುನಿಗಳು ಪಿಂಛಿ ಕಮಂಡಲುಗಳೊಡನೆ ಹೊರಡುತ್ತಾರೆ. ಗೃಹಸ್ಥನು ಇನ್ನಷ್ಟನ್ನು ಸೇರಿಸಿಕೊಳ್ಳುವುದಕ್ಕಾಗಿಯೇ ಹೊರಡುವುದು ಹೆಚ್ಚು. ಆದುದರಿಂದಲೇ ಗೃಹಸ್ಥನಿಗೆ ದಿಗ್ವ್ರತವೆಂಬ ಗುಣವ್ರತವನ್ನು ವಿಧಿಸಲಾಗಿದೆ.

ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರದ ಆಚೆಗೆ ನಾನು ಹೋಗುವುದಿಲ್ಲ, ವ್ಯವಹಾರ ಮಾಡುವುದಿಲ್ಲ ಎಂದು ಜೀವಮಾನಕ್ಕೆ ಎಲ್ಲೆ ಹಾಕಿಕೊಳ್ಳುವುದೇ ದಿಗ್ವ್ರತ. ಆ ಎಲ್ಲೆಯನ್ನು ಹೇಗೆ ಗುರುತಿಸಬೇಕೆಂಬುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ: ಸಮುದ್ರ, ನದಿ, ಅರಣ್ಯ, ಬೆಟ್ಟ, ದೇಶ, ಯೋಜನಗಳ ಲೆಕ್ಕ, ಹೀಗೆ ಎಲ್ಲರಿಗೂ ತಿಳಿದಿರುವ ಗುರುತುಗಳಿಂದ. ಗುರುತು ಸ್ಪಷ್ಟವಾಗಿದ್ದರೆ ಮನಸ್ಸು ಅದನ್ನು ತನಗೆ ಬೇಕಾದಂತೆ ಜರುಗಿಸಲಾರದು. ಇದಕ್ಕೆ ಹತ್ತಿರದ ಇನ್ನೊಂದು ವ್ರತ ದೇಶಾವಕಾಶಿಕ. ಇದನ್ನು ಕೆಲವು ಆಚಾರ್ಯರು ಗುಣವ್ರತಗಳಲ್ಲಿ, ಕೆಲವರು ಶಿಕ್ಷಾವ್ರತಗಳಲ್ಲಿ ಎಣಿಸಿದ್ದಾರೆ. ಇದರಲ್ಲಿ ಸ್ಥಳಕ್ಕೆ ಮಾತ್ರವಲ್ಲದೆ ಕಾಲಕ್ಕೂ ಮಿತಿಯುಂಟು: ವರ್ಷ, ಋತು, ತಿಂಗಳು, ಪಕ್ಷ ಎಂಬಂತೆ.

ಈ ವ್ರತವನ್ನು ವಿಧಿಪೂರ್ವಕವಾಗಿ ಸ್ವೀಕರಿಸಿದವರಿಗೆ ದೂರದ ಉದ್ಯೋಗದ ಪ್ರಶ್ನೆ ಅಲ್ಲಿಯೇ ಮುಗಿಯಿತು. ಎಲ್ಲೆಯ ಆಚೆಗಿದ್ದರೆ ಹೋಗುವಂತಿಲ್ಲ. ಆದರೆ ನಮ್ಮಲ್ಲಿ ಬಹುಮಂದಿ ವ್ರತವನ್ನು ಸ್ವೀಕರಿಸಿದವರಲ್ಲ. ಅವರಿಗೂ ದಾರಿ ತೋರುವಂಥದು ಈ ವ್ರತದ ಅತಿಚಾರಗಳ ವಿವರ. ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಎಣಿಸುತ್ತದೆ. ಮೊದಲ ಮೂರು ಮೇಲೆ, ಕೆಳಗೆ, ಅಡ್ಡಲಾಗಿ ಎಲ್ಲೆಯನ್ನು ದಾಟುವುದಕ್ಕೆ ಸಂಬಂಧಿಸಿದವು. ಉಳಿದ ಎರಡು ಹೆಚ್ಚು ಸೂಕ್ಷ್ಮವಾದವು. ಒಂದು ಕ್ಷೇತ್ರವೃದ್ಧಿ, ಎಂದರೆ ಹಾಕಿಕೊಂಡ ಎಲ್ಲೆಯನ್ನು ಹಿಗ್ಗಿಸುವ ಬಯಕೆ. ಇದರ ಮೂಲ ಲೋಭದ ಒತ್ತಡವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಇನ್ನೊಂದು ಸ್ಮೃತ್ಯಂತರಾಧಾನ, ಎಂದರೆ ತಾನು ಹಾಕಿಕೊಂಡ ಎಲ್ಲೆಯನ್ನು ತಾನೇ ಮರೆಯುವುದು. ಈ ಐದನೆಯ ಅತಿಚಾರವೇ ಇಂದಿನ ನಮ್ಮ ಪ್ರಶ್ನೆಯ ತಿರುಳೆಂದು ನನ್ನ ಭಾವನೆ.

ವಿಷಯ ಸ್ಪಷ್ಟವಾಗಲೆಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಗಂಡಹೆಂಡಿರು, ಎಂಟನೆಯ ತರಗತಿಯ ಮಗಳು, ಎಪ್ಪತ್ತು ದಾಟಿದ ತಂದೆತಾಯಿ ಒಂದೇ ಮನೆಯಲ್ಲಿದ್ದಾರೆ. ಮನೆ ತಂದೆಯದು, ಬಾಡಿಗೆಯಿಲ್ಲ. ಗಂಡನಿಗೆ ತೆರಿಗೆ ಕಳೆದು ತಿಂಗಳಿಗೆ 1,20,000 ರೂಪಾಯಿ, ಶಾಲೆಯಲ್ಲಿ ಪಾಠ ಹೇಳುವ ಹೆಂಡತಿಗೆ 35,000 ರೂಪಾಯಿ ಕೈಗೆ ಬರುತ್ತದೆ. 1,05,000 ರೂಪಾಯಿ ವೆಚ್ಚವಾಗಿ 50,000 ಉಳಿಯುತ್ತದೆ. ಹೀಗಿರುವಾಗ ಗಂಡನಿಗೆ ದುಬೈಯಲ್ಲಿ ತಿಂಗಳಿಗೆ 15,000 ದಿರ್ಹಮ್ ಸಂಬಳದ ಉದ್ಯೋಗ ದೊರೆಯುತ್ತದೆ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ದಿರ್ಹಮಿಗೆ 23 ರೂಪಾಯಿಯಂತೆ ಹಿಡಿದರೆ 3,45,000 ರೂಪಾಯಿ. ಈಗಿನ ಸಂಬಳದ ಮೂರು ಪಾಲಿಗೆ ಹತ್ತಿರ.

ಈಗ ವೆಚ್ಚವನ್ನು ನೋಡೋಣ. ಹೆಂಡತಿ ಮಗಳೊಡನೆ ಹೋದರೆ ಮನೆ ಬಾಡಿಗೆಗೆ 7,000, ಶಾಲೆಗೆ 2,000, ಊಟ ಓಡಾಟ ಮುಂತಾದುವಕ್ಕೆ 3,000 ದಿರ್ಹಮ್ ಬೇಕೆಂದು ಇಟ್ಟುಕೊಳ್ಳೋಣ. ಉಳಿಯುವುದು 3,000 ದಿರ್ಹಮ್, ಎಂದರೆ 69,000 ರೂಪಾಯಿ. ಹೆಂಡತಿಯ ಸಂಬಳ ನಿಂತಿತು. ಬೆಂಗಳೂರಿನಲ್ಲಿ ವೃದ್ಧರ ಊಟ, ಔಷಧಿ, ನೋಡಿಕೊಳ್ಳುವವರ ಸಂಬಳಕ್ಕೆ 30,000 ಕಳಿಸಬೇಕು. ಕೊನೆಗೆ ಉಳಿಯುವುದು 39,000. ಊರಿನಲ್ಲಿದ್ದಾಗ ಉಳಿಯುತ್ತಿದ್ದುದಕ್ಕಿಂತ ಕಡಿಮೆ. ಗಂಡನೊಬ್ಬನೇ ಹೋಗಿ, ಹಂಚಿಕೊಂಡ ಕೋಣೆಯಲ್ಲಿದ್ದು, 4,500 ದಿರ್ಹಮಿನಲ್ಲಿ ಕಳೆದನೆನ್ನೋಣ. ಆಗ 10,500 ದಿರ್ಹಮ್, ಎಂದರೆ 2,41,500 ರೂಪಾಯಿ ಮಿಗುತ್ತದೆ. ಇಲ್ಲಿಯ ಮನೆಯ ವೆಚ್ಚ 95,000ಕ್ಕೆ ಇಳಿದು, ಅದರಲ್ಲಿ 35,000 ಹೆಂಡತಿಯ ಸಂಬಳದಿಂದಲೇ ನಡೆದು, ಕೊನೆಗೆ 1,81,500 ಉಳಿಯುತ್ತದೆ.

ಇವು ಊಹೆಯ ಅಂಕಿಗಳು. ಬಾಡಿಗೆಯನ್ನು ಕಂಪೆನಿಯೇ ಕೊಟ್ಟರೆ ಅಥವಾ ಸಂಬಳ ಇನ್ನೂ ಹೆಚ್ಚಾದರೆ ಲೆಕ್ಕ ಬದಲಾಗುತ್ತದೆ. ಆದರೆ ಇದರಲ್ಲಿ ತೋರುವ ಒಂದು ಸಂಗತಿ ಅನೇಕ ಮನೆಗಳಿಗೆ ಅನ್ವಯಿಸುವಂಥದು. ಸಂಬಳದ ಕಾಗದದಲ್ಲಿ ಕಾಣುವ ಲಾಭದ ದೊಡ್ಡ ಪಾಲು ಸಂಸಾರವನ್ನು ಹಿಂದೆ ಬಿಟ್ಟುಹೋದಾಗ ಮಾತ್ರ ಕೈಗೆ ಹತ್ತುತ್ತದೆ. ಹಾಗಾದರೆ ಆ ಹೆಚ್ಚಿನ ಹಣ ಕೇವಲ ದುಡಿಮೆಯ ಪ್ರತಿಫಲವಲ್ಲ. ಅಗಲಿಕೆಯ ಬೆಲೆಯೂ ಅದರಲ್ಲಿ ಸೇರಿದೆ. ಆ ಬೆಲೆಯನ್ನು ತೆರುವವರು ಯಾರು? ಹೋಗುವವನೊಬ್ಬನೇ ಅಲ್ಲ. ಹೆಂಡತಿ, ಮಗಳು, ವೃದ್ಧರು ಎಲ್ಲರೂ ತೆರುತ್ತಾರೆ. ಆದುದರಿಂದ ಅವರನ್ನು ಕೇಳದೆ ಒಬ್ಬನೇ ಮಾಡುವ ನಿರ್ಣಯ, ಎಷ್ಟೇ ಸದುದ್ದೇಶದಿಂದ ಕೂಡಿರಲಿ, ಪರರದನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುವುದಕ್ಕೆ ಸಮೀಪದ್ದು. ಅಚೌರ್ಯಾಣುವ್ರತವನ್ನು ಹಣಕಾಸಿನ ವಿಷಯಕ್ಕೆ ಮಾತ್ರ ಸೀಮಿತಗೊಳಿಸಬೇಕಾಗಿಲ್ಲ.

ವಿಮಾನದಲ್ಲಿ ನಾಲ್ಕು ಗಂಟೆಗಳ ದಾರಿಯಷ್ಟೇ, ಬೇಕೆಂದಾಗ ಬರಬಹುದು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಸಾಮಾನ್ಯ ಕಾಲದಲ್ಲಿ ಅದು ನಿಜ. ಆದರೆ ಮಹಾಮಾರಿಯ ಕಾಲದಲ್ಲಿ, 2020ರ ಮಾರ್ಚ್ ತಿಂಗಳಲ್ಲಿ ನಿಂತ ನಿಯಮಿತ ಅಂತಾರಾಷ್ಟ್ರೀಯ ವಿಮಾನಗಳು ಮತ್ತೆ ಪೂರ್ಣವಾಗಿ ಆರಂಭವಾದುದು 2022ರ ಮಾರ್ಚ್ ಕೊನೆಗೆ. ನಡುವೆ ವಿಶೇಷ ವಿಮಾನಗಳಿದ್ದರೂ ತಂದೆತಾಯಿಗಳ ಕೊನೆಗಾಲಕ್ಕೆ ಬಂದು ಮುಟ್ಟಲಾಗದೆ ಹೋದ ಮಕ್ಕಳು ಎಷ್ಟೋ ಮಂದಿ. ದೂರವನ್ನು ಗಂಟೆಗಳಲ್ಲಿ ಅಳೆಯುವುದು ಎಲ್ಲ ಕಾಲಕ್ಕೂ ಸಲ್ಲದು. ನದಿ, ಬೆಟ್ಟ, ಸಮುದ್ರಗಳನ್ನು ಎಲ್ಲೆಯಾಗಿ ಹೇಳಿದ ಆಚಾರ್ಯರ ಮಾತಿನ ಅರ್ಥ ಅಂತಹ ಸಮಯದಲ್ಲಿ ನಮಗೆ ಹೊಸದಾಗಿ ತಿಳಿಯುತ್ತದೆ. ವೃದ್ಧ ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ಕಾಯಿದೆಯೊಂದು ಬಂದಿದೆ. ಅದು ಜೀವನಾಂಶವನ್ನು ರೂಪಾಯಿಗಳಲ್ಲಿ ಗೊತ್ತುಪಡಿಸಬಲ್ಲದು. ರಾತ್ರಿಯಲ್ಲಿ ಎದ್ದು ನೀರು ಕೊಡುವ ಕೈಯನ್ನು ಯಾವ ಕಾಯಿದೆಯೂ ಕೊಡಲಾರದು.

ಇಲ್ಲಿ ಶ್ರಾವಕನ ಷಟ್ಕರ್ಮಗಳನ್ನು ನೆನೆಯುವುದು ಉಚಿತ. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಎಂಬ ಆರರಲ್ಲಿ ಸಂಬಳ ಹೆಚ್ಚಾದಂತೆ ಹೆಚ್ಚಬಲ್ಲದು ದಾನವೊಂದೇ. ದೂರದಿಂದ ಕಳಿಸಬಹುದಾದುದೂ ಅದೊಂದೇ. ಉಳಿದ ಐದಕ್ಕೆ ಬೇಕಾದುದು ಸಮಯ, ಸ್ವತಃ ತಾನು. ಹೊಸ ಉದ್ಯೋಗ ದಿನಕ್ಕೆ ಎಷ್ಟು ಗಂಟೆಗಳನ್ನು ಕೇಳುತ್ತದೆ, ಸೂರ್ಯಾಸ್ತಕ್ಕೆ ಮೊದಲು ಊಟಕ್ಕೆ ಬಿಡುವಿದೆಯೆ, ಅಲ್ಲಿ ಮಾಡಬೇಕಾದ ಕೆಲಸ ಹಿಂಸೆಯ ವ್ಯಾಪಾರಕ್ಕೆ ನೆರವಾಗುವಂಥದೆ ಎಂಬ ಪ್ರಶ್ನೆಗಳನ್ನು ಸಂಬಳದ ಪ್ರಶ್ನೆಗಿಂತ ಮೊದಲು ಕೇಳಬೇಕು. ಆಶಾಧರ ಪಂಡಿತರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಹೇಳಿದ್ದಾರೆ.

ಆಶಾಧರರ ಜೀವನವೂ ಈ ಸಂದರ್ಭದಲ್ಲಿ ಸ್ಮರಣೀಯ. 13ನೆಯ ಶತಮಾನದ ಈ ಪಂಡಿತರು ಮುನಿಗಳಲ್ಲ, ಗೃಹಸ್ಥರು. ಯುದ್ಧದ ಕಾಲದಲ್ಲಿ ಸದಾಚಾರಕ್ಕೆ ಹಾನಿಯಾದೀತೆಂದು ಅವರು ಹುಟ್ಟೂರಾದ ಮಂಡಲಗಢವನ್ನು ಬಿಟ್ಟು ಮಾಳವದ ರಾಜಧಾನಿಯಾದ ಧಾರಾನಗರಕ್ಕೆ ಬಂದರು. ವಿದ್ವಾಂಸನಿಗೆ ಅದಕ್ಕಿಂತ ಮೇಲಾದ ಊರು ಆ ಸೀಮೆಯಲ್ಲಿರಲಿಲ್ಲ. ಆದರೂ ಮುಂದೆ ಧಾರೆಯನ್ನು ಬಿಟ್ಟು ಶ್ರಾವಕರು ಹೆಚ್ಚಾಗಿದ್ದ ನಾಲಛಾ ಎಂಬ ಊರಿಗೆ ಜಿನಧರ್ಮದ ಉನ್ನತಿಗಾಗಿ ಹೋಗಿ ನೆಲೆಸಿದರು. ಅವರ ಮುಖ್ಯ ಕೃತಿಗಳು ಅಲ್ಲಿಯೇ ರಚಿತವಾದವು. ಅವರು ಎರಡು ಸಲ ಊರು ಬದಲಿಸಿದರು. ಎರಡು ಸಲವೂ ಕಾರಣವನ್ನು ಬರೆದಿಟ್ಟರು. ಹೋಗುವುದಕ್ಕೆ ಹೇಳಬಹುದಾದ ಕಾರಣವಿರಬೇಕು ಎಂಬುದು ಇದರಿಂದ ತಿಳಿಯುವ ಪಾಠ.

ಇದನ್ನೆಲ್ಲ ಹೇಳಿದ ಮಾತ್ರಕ್ಕೆ ಉಳಿಯುವುದೇ ಸದಾ ಧರ್ಮವೆಂದು ತಿಳಿಯಬಾರದು. ತತ್ತ್ವಾರ್ಥಸೂತ್ರದ ಪ್ರಕಾರ ಮೂರ್ಛೆಯೇ ಪರಿಗ್ರಹ. ಮೂರ್ಛೆ ಹಣದ ಮೇಲೆ ಇರಬಲ್ಲಂತೆ ಊರಿನ ಮೇಲೂ ಇರಬಲ್ಲುದು. ನಗರದ ಸೌಕರ್ಯ, ಗೆಳೆಯರ ಬಳಗ, ಹೊಸತನದ ಭಯ, ಆಲಸ್ಯ ಇವುಗಳಿಂದ ಉಳಿದುಕೊಂಡು ಅದಕ್ಕೆ ಮಾತಾಪಿತೃಭಕ್ತಿಯ ಹೆಸರನ್ನು ಕೊಡುವವರೂ ಇದ್ದಾರೆ. ಮೇಲೆ ಹೇಳಿದ ಸಂಸಾರಕ್ಕೇ ತಂಗಿಯ ಚಿಕಿತ್ಸೆಗಾಗಿ ಮಾಡಿದ 18 ಲಕ್ಷ ರೂಪಾಯಿಗಳ ಸಾಲವಿದೆಯೆಂದು ಭಾವಿಸೋಣ. ಒಬ್ಬನೇ ಹೋದರೆ ತಿಂಗಳಿಗೆ 1,31,500 ರೂಪಾಯಿ ಹೆಚ್ಚಾಗಿ ಉಳಿಯುವುದರಿಂದ, ಬಡ್ಡಿಯನ್ನು ಬಿಟ್ಟು ನೋಡಿದರೆ, ಹದಿನಾಲ್ಕು ತಿಂಗಳುಗಳಲ್ಲಿ ಆ ಸಾಲ ತೀರುತ್ತದೆ. ಮನೆಯವರೆಲ್ಲ ಒಪ್ಪಿ, ಎರಡು ವರ್ಷಗಳೆಂದು ಗೊತ್ತುಮಾಡಿ ಅವನು ಹೊರಟರೆ ಅದನ್ನು ಲೋಭವೆಂದು ಯಾರೂ ಹೇಳಲಾರರು. ಅಂಥವನು ಹೋಗದಿರುವುದೇ ಕರ್ತವ್ಯಲೋಪವಾದೀತು.

ಆದರೆ ಪರೀಕ್ಷೆ ನಡೆಯುವುದು ಹೊರಡುವ ದಿನವಲ್ಲ, ಸಾಲ ತೀರಿದ ದಿನ. ಅಂದು ಹೊಸ ಕಾರಣವೊಂದು ಹುಟ್ಟಿಕೊಳ್ಳುತ್ತದೆ. ಒಂದು ನಿವೇಶನ ಕೊಳ್ಳೋಣ; ಮಗಳ ಓದು ಮುಗಿಯಲಿ; ಇನ್ನೆರಡು ವರ್ಷ ಕಳೆದರೆ ಬಿಡುವಾಗ ಬರುವ ಗ್ರಾಚ್ಯುಯಿಟಿ ಹೆಚ್ಚಾಗುತ್ತದೆ. ಒಂದೊಂದು ಕಾರಣವೂ ಬಿಡಿಯಾಗಿ ನೋಡಿದರೆ ಯುಕ್ತವೇ. ಎಲ್ಲೆಯನ್ನು ದಾಟುತ್ತಿದ್ದೇನೆಂಬ ಅರಿವು ಯಾವ ದಿನವೂ ಬರುವುದಿಲ್ಲ, ಏಕೆಂದರೆ ಎಲ್ಲೆ ಎಲ್ಲಿತ್ತೆಂಬುದೇ ಮರೆತುಹೋಗಿರುತ್ತದೆ. ಎರಡು ವರ್ಷಗಳೆಂದು ಹೋದವರು ಇಪ್ಪತ್ತು ವರ್ಷ ಉಳಿಯುವುದು ಹೀಗೆ. ಮರೆವನ್ನು ಕೇವಲ ದೌರ್ಬಲ್ಯವೆಂದು ಬಿಡದೆ ಅತಿಚಾರಗಳ ಸಾಲಿಗೆ ಸೇರಿಸಿದ ಪ್ರಾಚೀನರ ಮನೋಜ್ಞಾನ ಎಷ್ಟು ಆಳವಾದುದೆಂಬುದು ಇಲ್ಲಿ ಕಾಣುತ್ತದೆ.

ಆದುದರಿಂದ ಹೊಸ ಉದ್ಯೋಗದ ಕಾಗದಕ್ಕೆ ಸಹಿ ಹಾಕುವ ಮೊದಲು ಮನೆಯಲ್ಲಿ ಇನ್ನೊಂದು ಕಾಗದ ಸಿದ್ಧವಾಗಲಿ. ಯಾವ ಕಾರಣಕ್ಕಾಗಿ ಹೋಗುತ್ತೇವೆ, ಎಷ್ಟು ಹಣ ಸಾಕು, ಯಾವ ತಿಂಗಳಿಗೆ ಮರಳುತ್ತೇವೆ, ಅದಕ್ಕೂ ಮೊದಲೇ ಮರಳಬೇಕಾದ ಸಂದರ್ಭಗಳು ಯಾವುವು, ಇಲ್ಲಿ ಹಿರಿಯರ ಹೊಣೆ ಯಾರದು, ಇವಿಷ್ಟನ್ನು ಬರೆದು ಮನೆಯ ಎಲ್ಲರ ಮುಂದೆ ಓದಬೇಕು. ಅದರ ಒಂದು ಪ್ರತಿ ಹಿರಿಯರ ಕೈಯಲ್ಲಿರಲಿ. ಪರ್ಯುಷಣ ಪರ್ವದಲ್ಲಿ ವರ್ಷಕ್ಕೊಮ್ಮೆ ಅದನ್ನು ತೆಗೆದು ನೋಡಲಿ. ಸಾಕು ಎಂಬ ಅಂಕಿಯನ್ನು ಬರೆಯಲು ಸಾಧ್ಯವೇ ಆಗದಿದ್ದರೆ, ಹೋಗುವ ಕಾರಣ ಅಗತ್ಯವಲ್ಲ, ತೃಷ್ಣೆ ಎಂದು ತಿಳಿಯಬಹುದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಒಂದು ಹೊಣೆಯುಂಟು. ದೂರದಿಂದ ಕಾಣಿಕೆ ಕಳಿಸಿದವರ ಹೆಸರನ್ನು ನಾವು ಶಿಲಾಫಲಕದಲ್ಲಿ ಕೆತ್ತಿಸುತ್ತೇವೆ, ಅದು ತಪ್ಪಲ್ಲ. ಆದರೆ ಕಡಿಮೆ ಸಂಬಳಕ್ಕೆ ಊರಿನಲ್ಲೇ ಉಳಿದು ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡುತ್ತಿರುವ ಮಗನ ಅಥವಾ ಸೊಸೆಯ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಮಕ್ಕಳು ದೂರದಲ್ಲಿರುವ ವೃದ್ಧರ ಪಟ್ಟಿಯೊಂದನ್ನು ಪ್ರತಿಯೊಂದು ಬಸದಿಯೂ ಇಟ್ಟುಕೊಂಡು, ಅಷ್ಟಮಿ ಚತುರ್ದಶಿಗಳಂದು ಯಾರಾದರೊಬ್ಬರು ಅವರ ಮನೆಗೆ ಹೋಗಿ ಕುಳಿತು ಮಾತನಾಡಿ ಬರುವ ಏರ್ಪಾಡು ಮಾಡಿದರೆ, ಅದಕ್ಕೆ ತಗಲುವ ವೆಚ್ಚ ಅಲ್ಪ. ಹೋದವರ ಮನಸ್ಸಿಗೂ ಉಳಿದವರ ಮನಸ್ಸಿಗೂ ಅದರಿಂದ ಸಮಾಧಾನ ದೊರೆಯುವುದು.