ಇಂದಿನ ಧಮ್ಮ ಚಿಂತನೆ: ಕೂತು ಮಾಡುವ ವ್ಯಾಪಾರ





ನಮ್ಮ ಬಳಗದಲ್ಲಿ ಈ ವರ್ಷ ನಿವೃತ್ತರಾಗುವವರು ಹಲವರಿದ್ದಾರೆ. ದಾಂಡೇಲಿಯ ಉಪಾಸಕರೊಬ್ಬರು ಮೊನ್ನೆ ಗ್ರೂಪಿನಲ್ಲಿ ಕೇಳಿದರು: "ಸರ್, ಪಿ.ಎಫ್. ರೊಕ್ಕ ಬರ್ತದ. ಮೊಣಕಾಲು ಮೊದಲಿನಂಗ ಇಲ್ಲ. ಕುಂತು ಮಾಡೋವಂಥ ಸಣ್ಣ ಧಂದೆ ಯಾವುದಾದ್ರೂ ಇದ್ರ ಹೇಳ್ರಿ." ನಾನು ಶಾಲೆಯಿಂದ ನಿವೃತ್ತನಾದ ಮೇಲೆ ಕುಂಬಾರವಾಡದಲ್ಲಿ ಮನೆಯ ಮುಂದೆಯೇ ಸಣ್ಣ ಅಂಗಡಿ ಇಟ್ಟಿದ್ದೇನೆ. ಹಾಗಾಗಿ ಪ್ರಶ್ನೆ ನನ್ನ ಕಡೆ ಬಂತು. ಇಂದಿನ ಚಿಂತನೆ ಅದರ ಮೇಲೆಯೇ.

ಮೊದಲು ಒಂದು ಮಾತು. ಈ ಆಸೆ ತಪ್ಪಲ್ಲ. ಮೂವತ್ತು ಮೂವತ್ತೈದು ವರ್ಷ ದುಡಿದ ದೇಹ ವಿಶ್ರಾಂತಿ ಕೇಳುವುದು ಸಹಜ. ಗೃಹಸ್ಥರು ಬಡವರಾಗಿಯೇ ಇರಬೇಕೆಂದು ಭಗವಾನ್ ಬುದ್ಧರು ಬೋಧಿಸಲಿಲ್ಲ. ಅಂಗುತ್ತರ ನಿಕಾಯದಲ್ಲಿ ಅನಾಥಪಿಂಡಿಕನಿಗೆ ಅವರು ಗೃಹಸ್ಥನ 4 ಸುಖಗಳನ್ನು ವಿವರಿಸುತ್ತಾರೆ. ಧರ್ಮದಿಂದ ಗಳಿಸಿದ್ದು ನನ್ನ ಬಳಿ ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ನಿಂದೆಗೆ ಎಡೆಯಿಲ್ಲದೆ ಬದುಕುವ ಸುಖ. ಮೊದಲ ಮೂರೂ ಸೇರಿದರೂ ನಾಲ್ಕನೆಯದರ 16ನೇ ಒಂದು ಪಾಲಿಗೆ ಸಮವಲ್ಲ ಎನ್ನುತ್ತಾರೆ ತಥಾಗತರು. ಈ ಲೆಕ್ಕವನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಶ್ರಮವಿಲ್ಲದೆ ಯಾವ ವ್ಯಾಪಾರವೂ ನಡೆಯುವುದಿಲ್ಲ. ನಾನು ಕೂತಿದ್ದರೆ ನನ್ನ ಬದಲು ಯಾರೋ ನಿಂತಿದ್ದಾರೆ. ಅವರು ಯಾರು?

ಬಡ್ಡಿಗೆ ಹಣ ಬಿಡುವುದು ಕೂತು ಮಾಡುವ ಕೆಲಸವೇ. ಅಲ್ಲಿ ಬೆವರು ಸಾಲಗಾರನದು. ಮನೆಯ ಹಿಂದೆ ಸಾರಾಯಿ ಪಾಕೀಟು ಇಟ್ಟು ಮಾರಿದರೆ ಗಿರಾಕಿಯೇ ಬಾಗಿಲಿಗೆ ಬರುತ್ತಾನೆ. ಅಲ್ಲಿ ಭಾರ ಹೊರುವವಳು ಅವನ ಹೆಂಡತಿ. ಒಬ್ಬರ ಕೆಳಗೆ ಇನ್ನೊಬ್ಬರನ್ನು ಸೇರಿಸಿದರೆ ಮನೆಯಲ್ಲೇ ಕಮಿಷನ್ ಬರುತ್ತದೆ ಎನ್ನುವ ಸರಪಳಿ ಯೋಜನೆಯಲ್ಲಿ ಮುಳುಗುವವರು ಕೊನೆಗೆ ಸೇರಿದ ನಮ್ಮದೇ ನೆಂಟರು. ಇಂಥ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಜೋಯಿಡಾ ಕಡೆ ಎಲ್ಲರ ಬಾಯಲ್ಲೂ ಹೋಮ್‌ಸ್ಟೇ ಮಾತು. ಒಳ್ಳೆಯ ವ್ಯಾಪಾರವೇ. ಆದರೆ ಮಾಲೀಕರು ಜಗಲಿಯಲ್ಲಿ ಕೂತಿರುವಾಗ ಹಾಸಿಗೆ ಚಾದರ ಒಗೆಯುವ, ಇಪ್ಪತ್ತು ಜನರಿಗೆ ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ಕೂಲಿ ಎಷ್ಟು ಎಂದು ಕೇಳಲೇಬೇಕು.

ಉಪಾಸಕರು ಮಾಡಬಾರದ 5 ವ್ಯಾಪಾರಗಳನ್ನು ವಣಿಜ್ಜಾ ಸುತ್ತ ಹೆಸರಿಸುತ್ತದೆ: ಆಯುಧ, ಮನುಷ್ಯರು, ಮಾಂಸ, ಮಾದಕ ವಸ್ತು, ವಿಷ. ಈ ಐದರಲ್ಲೂ ಒಂದು ಸಮಾನ ಅಂಶ ಇದೆ. ಲಾಭ ಮಾರುವವನಿಗೆ, ನೋವು ಬೇರೊಬ್ಬರಿಗೆ. ಸಮ್ಮಾ ಆಜೀವವೆಂದರೆ ಆ ನೋವನ್ನು ದಾಟಿಸದ ಜೀವನೋಪಾಯ.

ಹಾಗಾದರೆ ಹಗುರವಾದ ಮತ್ತು ಸರಿಯಾದ ವ್ಯಾಪಾರ ಹೇಗಿರುತ್ತದೆ? ಪಾಪಣಿಕ ಎಂದರೆ ಅಂಗಡಿಕಾರ. ಅವನ ಹೆಸರಿನಲ್ಲೇ ಎರಡು ಸುತ್ತಗಳಿವೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತನ್ನ ಕೆಲಸಕ್ಕೆ ಲಕ್ಷ್ಯ ಕೊಡದ ಅಂಗಡಿಕಾರ ಸಂಪತ್ತು ಗಳಿಸಲಾರ ಎನ್ನುತ್ತದೆ ಒಂದು. ಇಲ್ಲಿ ಕೇಳುತ್ತಿರುವುದು ಲಕ್ಷ್ಯ. ಮೊಣಕಾಲು ನೋಯುವವರಿಂದಲೂ ಅದು ಸಾಧ್ಯ. ಇನ್ನೊಂದು ಸುತ್ತದಲ್ಲಿ ಅವನಿಗೆ 3 ಗುಣಗಳು ಬೇಕು. ಕಣ್ಣು: ಎಷ್ಟಕ್ಕೆ ಕೊಂಡೆ, ಎಷ್ಟಕ್ಕೆ ಮಾರಿದರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ. ಜಾಣ್ಮೆ: ಕೊಳ್ಳುವ, ಮಾರುವ ಕೌಶಲ. ಆಸರೆ: ಇವನನ್ನು ನಂಬಿ, ಸಂಸಾರ ನಡೆಸು, ಆಗಾಗ ತೀರಿಸು ಎಂದು ಬಂಡವಾಳ ಕೊಡುವ ಜನ.

ನನ್ನ ಅಂಗಡಿಯನ್ನೇ ಈ ಮೂರರಲ್ಲಿ ಇಟ್ಟು ನೋಡುತ್ತೇನೆ.

ಕಾರವಾರದಿಂದ ಅಣಶಿ ಘಟ್ಟ ಹತ್ತಿ ಜೋಯಿಡಾಕ್ಕೆ ಹೋಗುವವರು ನಮ್ಮ ಊರಿನ ಮೇಲೆ ಹಾಯುತ್ತಾರೆ. ಸುತ್ತಲಿನ ಕುಣಬಿ ಅಕ್ಕಂದಿರು ಹಿತ್ತಲಲ್ಲಿ ಬೆಳೆದ ಮುಡ್ಲಿ, ಕೋನ ಗಡ್ಡೆಗಳನ್ನು ಚಳಿಗಾಲದಲ್ಲಿ ತಂದು ಕೊಡುತ್ತಾರೆ. ಜೋಯಿಡಾದ ಗಡ್ಡೆ ಗೆಣಸು ಮೇಳದಿಂದ ಇವುಗಳಿಗೆ ಹೊರಗಿನವರಲ್ಲೂ ಹೆಸರು ಬಂದಿದೆ. ಬೇಸಿಗೆಯಲ್ಲಿ ಮುರುಗಲು, ಹಲಸಿನ ಹಪ್ಪಳ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಊರು ಇದು. ಕಾಡಿನಿಂದ ತಂದದ್ದನ್ನು ನಾನು ಮಾರುವುದಿಲ್ಲ, ಹಿತ್ತಲಿನದು ಮಾತ್ರ. ತೂಕವನ್ನು ಅಕ್ಕಂದಿರ ಎದುರಿಗೇ ಮಾಡುತ್ತೇನೆ. ರೊಕ್ಕ ಅಲ್ಲೇ ಕೈಗೆ ಕೊಡುತ್ತೇನೆ, "ಮಾರಾಟವಾದ ಮೇಲೆ" ಎನ್ನುವುದಿಲ್ಲ. ಮಣ್ಣು ಅಗೆದವರು ಅವರು. ನನ್ನ ಕೂರುವಿಕೆಗೆ ಅವರ ಬೆವರು ಆಧಾರವಾದರೆ ಅದರ ಬೆಲೆ ಮೊದಲು ಅವರಿಗೆ ಸೇರಬೇಕು. ಮಳೆಗಾಲದ 4 ತಿಂಗಳು ಗಿರಾಕಿ ತೀರಾ ಕಡಿಮೆ. ವರ್ಷದ ಲೆಕ್ಕವನ್ನು 8 ತಿಂಗಳ ಮೇಲೆಯೇ ಹಾಕಬೇಕು. ಇದು ಕಣ್ಣು ಮತ್ತು ಜಾಣ್ಮೆಯ ವಿಷಯ.

ಮೂರನೆಯದು, ಆಸರೆ. ನಮ್ಮವರಿಗೆ ಕಷ್ಟ ಇಲ್ಲೇ.

ಬಾಬಾಸಾಹೇಬರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ಇರಲು ಮನೆ ಸಿಗಲಿಲ್ಲ. ಮುಂಬೈಗೆ ಮರಳಿ ಹೂಡಿಕೆಯ ಬಗ್ಗೆ ಸಲಹೆ ಕೊಡುವ ಸ್ವಂತ ವ್ಯವಹಾರ ಆರಂಭಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಂದವರು. ಅಂಥ ಕಣ್ಣು, ಅಂಥ ಜಾಣ್ಮೆ ಯಾರಿಗಿತ್ತು? ಆದರೂ ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರಲಿಲ್ಲ, ವ್ಯವಹಾರ ಮುಚ್ಚಿತು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಯೂ ನೀರಿನ ಪಾತ್ರೆ ಮುಟ್ಟುವುದಕ್ಕೆ ಆಕ್ಷೇಪ ಬಂತು.

ನನ್ನ ಅಂಗಡಿಯಲ್ಲಿ ತಥಾಗತರ ಪಟದ ಪಕ್ಕದಲ್ಲಿ ಬಾಬಾಸಾಹೇಬರ ಪಟ ಇದೆ. ಹಿತೈಷಿಗಳೊಬ್ಬರು, "ಬುದ್ಧನ ಮೂರ್ತಿ ಒಂದೇ ಇಡ್ರಿ ಮಾಸ್ತರ್ರೇ, ಪ್ರವಾಸಿಗಳು ಚಂದ ಅಂತಾರ" ಎಂದಿದ್ದರು. ಎರಡನ್ನೂ ಇಟ್ಟೆ. ಕೆಲವರು ಪಟ ನೋಡುತ್ತಾರೆ, ಹಸಿ ಗಡ್ಡೆ ಕೊಳ್ಳುತ್ತಾರೆ, ಬೇಯಿಸಿದ ಗಡ್ಡೆಯ ತಟ್ಟೆ ಬೇಡವೆನ್ನುತ್ತಾರೆ. ಚಹಾ ಈಗಷ್ಟೇ ಕುಡಿದೆವು ಎನ್ನುತ್ತಾರೆ. ಮಣ್ಣಿನಿಂದ ಬಂದದ್ದಕ್ಕೆ ಮೈಲಿಗೆಯಿಲ್ಲ, ನನ್ನ ಕೈಯ ಬಿಸಿ ತಾಗಿದ್ದಕ್ಕೆ ಇದೆ! ಆದರೂ ದಿನಾ ಬೆಳಿಗ್ಗೆ ಚಹಾ ಇಡುತ್ತೇನೆ. ಕುಡಿಯುವವರು ಕುಡಿಯುತ್ತಾರೆ, ಅಂಥವರೂ ಬಹಳ ಇದ್ದಾರೆ. ಪಟ ತೆಗೆದರೆ ದಿನಕ್ಕೆ ಹತ್ತು ಲೋಟ ಹೆಚ್ಚು ಹೋಗಬಹುದು. ಆದರೆ ಹೆಸರು ಮುಚ್ಚಿಟ್ಟು ಮಾಡುವ ವ್ಯಾಪಾರ ಹಗುರವಲ್ಲ. ದಿನಾ ಯಾರಾದರೂ ಕೇಳಿಬಿಟ್ಟಾರೆಂದು ಹೆದರುವುದಕ್ಕಿಂತ ದೊಡ್ಡ ದುಡಿಮೆ ಇನ್ನಾವುದಿದೆ? ಅರವತ್ತರ ನಂತರವೂ ಆ ಭಾರ ಹೊರಬೇಕೇ?

ಆಸರೆಯನ್ನು ಸಮಾಜ ಕೊಡದಿದ್ದರೆ ನಾವು ಪರಸ್ಪರ ಕೊಡಬೇಕು. ನಮ್ಮ ಮುಂಡಗೋಡದಲ್ಲೇ ನೋಡಿ. 1966ರಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟಿಯನ್ ಬಂಧುಗಳ ಶಿಬಿರ ಆರಂಭವಾಯಿತು. ಅಲ್ಲಿನ ಕುಟುಂಬಗಳು ಚಳಿಗಾಲದಲ್ಲಿ ನಗರಗಳಿಗೆ ಹೋಗಿ ಸಾಲಾಗಿ ಅಂಗಡಿ ಹಾಕಿ ಸ್ವೆಟರ್ ಮಾರುತ್ತವೆ. ಪರ ಊರಿನಲ್ಲಿ ಪಕ್ಕದ ಅಂಗಡಿಯವನೇ ನೆಂಟ. ನಮ್ಮ ಬಳಗದವರು ಅಂಗಡಿ ತೆರೆದ ದಿನ ಮೊದಲ ಗಿರಾಕಿ ನಾವಾಗೋಣ. ಹೂಹಾರಕ್ಕಿಂತ ಒಂದು ಕೆ.ಜಿ. ಸಾಮಾನು ಕೊಂಡರೆ ಅದೇ ಮೈತ್ರಿ.

ಕೊನೆಗೆ ಹಣದ ಮಾತು. ಪಿ.ಎಫ್. ಪೂರ್ತಿ ಅಂಗಡಿಗೆ ಹಾಕಬೇಡಿ. ಗಳಿಕೆಯನ್ನು 4 ಪಾಲು ಮಾಡಿ ಎಂದು ಸಿಗಾಲೋವಾದ ಸುತ್ತ ಹೇಳುತ್ತದೆ: ಒಂದು ಉಪಯೋಗಕ್ಕೆ, ಎರಡು ಕಸುಬಿಗೆ, ಒಂದು ಆಪತ್ತಿಗೆ. 4,000 ರೂಪಾಯಿ ಉಳಿದ ತಿಂಗಳು ನಾನು 1,000 ಮನೆಗೆ, 2,000 ಸಾಮಾನಿಗೆ, 1,000 ಮಳೆಗಾಲಕ್ಕೆ ತೆಗೆದಿಡುತ್ತೇನೆ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಗಳಿಕೆಯ 20ನೇ ಒಂದು ಪಾಲನ್ನು ಧಮ್ಮದ ಕೆಲಸಕ್ಕೆ ಕೊಡಿ ಎಂದು ಕೇಳಿದ್ದರು. ಮನೆಯ ಪಾಲಿನಿಂದ ಆ 200 ಹೊರಡುತ್ತದೆ.

ಇಂದಿನ ಅಭ್ಯಾಸ: ವ್ಯಾಪಾರ ಆರಂಭಿಸುವ ಮುನ್ನ, ಈಗಾಗಲೇ ಮಾಡುತ್ತಿದ್ದರೆ ಇಂದೇ, ಐದು ನಿಮಿಷ ಆನಾಪಾನ ಮಾಡಿ ಈ 3 ಪ್ರಶ್ನೆ ಕೇಳಿಕೊಳ್ಳಿ.

1. ನಾನು ಕೂತಿರುವಾಗ ನಿಂತಿರುವವರು ಯಾರು? ಅವರ ಪಾಲು ಅವರಿಗೆ ಸೇರಿದೆಯೇ?
2. ನಾನು ಮಾರಿದ್ದು ಕೊಂಡವರ ಮನೆಗೆ ಹೋಗಿ ಏನು ಮಾಡುತ್ತದೆ?
3. ಈ ಕೆಲಸವನ್ನು ನನ್ನ ಹೆಸರು, ನನ್ನ ಧಮ್ಮ ಹೇಳಿಕೊಂಡೇ ಮಾಡಬಲ್ಲೆನೇ?

ಮೂರಕ್ಕೂ ಉತ್ತರ ಸಿಕ್ಕರೆ, ಗಲ್ಲಾ ಸಣ್ಣದಿದ್ದರೂ ಅದು ನಿಜವಾಗಿ ಹಗುರವಾದ ವ್ಯಾಪಾರ.

ಎಲ್ಲರ ಜೀವನೋಪಾಯ ನಿರ್ಮಲವಾಗಲಿ. ಎಲ್ಲರಿಗೂ ಮಂಗಳವಾಗಲಿ.

ಸಾಧು! ಸಾಧು! ಸಾಧು!
ಜೈ ಭೀಮ್. ನಮೋ ಬುದ್ಧಾಯ. 🙏